ಕದವಿಲ್ಲದ ಗುಡಿ

ಕಾವೇರಿಯ ಬಯಲಿನಲ್ಲಿ, ಐದು ಹಳ್ಳಿಗಳ ನಟ್ಟನಡುವೆ ಒಂದು ಬೋಳು ದಿಣ್ಣೆಯಿದೆ. ಅದರ ಮೇಲೊಂದು ಹಳೆಯ ಚರ್ಚು. ಮುಂದಿನ ಬೋರ್ಡಿನಲ್ಲಿ ‘ಸಂತ ಯಾಗಪ್ಪರ ದೇವಾಲಯ’ ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಆ ಹೆಸರು ಹೇಳಿ ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಕಂಡಕ್ಟರ್ ಮಿಕಮಿಕ ನೋಡುತ್ತಾನೆ. ‘ಕದವಿಲ್ಲದ ಗುಡಿ’ ಎಂದರೆ ಸಾಕು, ಹುಣಸೆಮರದ ಬಳಿ ತಾನೇ ನಿಲ್ಲಿಸಿ ಇಳಿಸುತ್ತಾನೆ. ಹೆಸರು ಸುಳ್ಳಲ್ಲ. ಗೋಡೆಗಳು ಸುಣ್ಣ ಬಳಿದುಕೊಂಡು ಬೆಳ್ಳಗೆ ಹೊಳೆಯುತ್ತವೆ, ಆದರೆ ಹೆಬ್ಬಾಗಿಲಿನಲ್ಲಿ ಬರೀ ಕಲ್ಲಿನ ಬಾಗಿಲವಾಡ. ಕದ ತಿರುಗುತ್ತಿದ್ದ ಗುಳಿಗಳು ಹೊಸ್ತಿಲ ಎರಡು ಮೂಲೆಯಲ್ಲಿ ಹಾಗೇ ಇವೆ. ಮಳೆ ಬಂದರೆ ಇರಚಲು ಮುಂದಿನ ಬೆಂಚುಗಳ ತನಕ ಹೊಡೆಯುತ್ತದೆ. ಪಾದ್ರಿಗಳ ಪ್ರಸಂಗದ ನಡುವೆ ಆಡು ಒಳಗೆ ಬಂದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾರಿನಲ್ಲಿ ಬಂದ ಭಕ್ತರೊಬ್ಬರು ಇದನ್ನು ಕಂಡು ಮರುಗಿ, ಒಳ್ಳೆಯ ತೇಗದ ಕದ ತಾವೇ ಮಾಡಿಸಿಕೊಡುವುದಾಗಿ ಹೇಳಿದರಂತೆ. ಅಲ್ಲೇ ಕಸ ಗುಡಿಸುತ್ತಿದ್ದ ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು, “ನಿಮ್ಮನೆ ಬಾಗ್ಲು ಭದ್ರ ಮಾಡ್ಕೊ ಹೋಗಪ್ಪ” ಎಂದಳಂತೆ. ಆ ಸಿಟ್ಟು ಅವಳದಲ್ಲ. ಅವಳಿಗಿಂತ ಬಹಳ ಹಿಂದಿನದು.

ಹಿಂದೆ ಒಮ್ಮೆ, ಈ ಸೀಮೆಗೆಲ್ಲ ಒಬ್ಬರೇ ಪಾದ್ರಿಗಳು ಎತ್ತಿನ ಗಾಡಿಯಲ್ಲಿ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಐದು ಹಳ್ಳಿಗಳೂ ಸೇರಿ ಈ ಗುಡಿಯನ್ನು ಕಟ್ಟಿದವು. ಒಂದೊಂದು ಹಳ್ಳಿಗೂ ಒಂದೊಂದು ಸೇವೆ. ಹೊಂಗೆಹಳ್ಳಿಯವರು ದೀಪದ ಎಣ್ಣೆ ತರಬೇಕು, ತೋಪಿನಪುರದವರು ಗರಿ ಹಬ್ಬಕ್ಕೆ ತೆಂಗಿನ ಗರಿ ಕೊಯ್ದು ಕೊಡಬೇಕು, ಕಟ್ಟೆಮಾಳದವರು ಗಂಟೆ ಹೊಡೆಯಬೇಕು. ಪಾಸ್ಖ ಹಬ್ಬದ, ಅಂದರೆ ಈಸ್ಟರಿನ, ಮುಂಚೆ ಗೂಡುಕೇರಿಯವರು ಇಡೀ ಗುಡಿಗೆ ಸುಣ್ಣ ಬಳಿಯಬೇಕು. ದೊಡ್ಡ ಊರಾದ ಮೇಲುಕೊಪ್ಪಲಿನ ಪಾಲಿಗೆ ಬಂದದ್ದು ಕೀಲಿ ಮತ್ತು ಪೆಟ್ಟಿಗೆ. ಪೆಟ್ಟಿಗೆ ಎಂದರೆ ಹೆಣದ ಪೆಟ್ಟಿಗೆ. ಆಗ ಸತ್ತವರಿಗೆಲ್ಲ ಬೇರೆ ಬೇರೆ ಪೆಟ್ಟಿಗೆ ಮಾಡಿಸುವ ಶಕ್ತಿ ಯಾರಿಗಿತ್ತು? ಗುಡಿಗೆಲ್ಲ ಒಂದೇ ತೇಗದ ಪೆಟ್ಟಿಗೆ. ಸತ್ತವರನ್ನು ಅದರಲ್ಲಿ ಮಲಗಿಸಿ, ಗುಡಿಯೊಳಗೆ ಜಪ ಮುಗಿಸಿ, ಹೆಬ್ಬಾಗಿಲಿಂದ ಹೊರಟು, ಗುಂಡಿಯವರೆಗೆ ಹೊತ್ತುಕೊಂಡು ಹೋಗುವರು. ಅಲ್ಲಿ ದೇಹವನ್ನು ಬಟ್ಟೆಯಲ್ಲಿ ಮಣ್ಣಿಗಿಳಿಸಿ, ಪೆಟ್ಟಿಗೆಯನ್ನು ತೊಳೆದು, ಮತ್ತೆ ಗುಡಿಗೆ ತಂದಿಡುವರು. ಐದು ಊರಿನ ಪೆಟ್ಟಿಗೆ ಎಂಬುದು ಬಾಯಿಮಾತು. ನಿಜ ಹೇಳಬೇಕೆಂದರೆ ಗೂಡುಕೇರಿಯ ಹೆಣ ಒಂದೂ ಅದರಲ್ಲಿ ಮಲಗಿರಲಿಲ್ಲ.

ಗೂಡುಕೇರಿಯವರು ಸುಣ್ಣ ಸುಡುವವರು. ಬರಗಾಲವೊಂದರಲ್ಲಿ ಎಲ್ಲರಿಗಿಂತ ಕಡೆಗೆ ಜ್ಞಾನಸ್ನಾನ ಪಡೆದು ಕ್ರೈಸ್ತರಾದವರು. ಮೇಲುಕೊಪ್ಪಲಿನವರು ಹಳೆಯ ದೇವರುಗಳನ್ನೆಲ್ಲ ಬಿಟ್ಟು ಬಂದಿದ್ದರು, ಜಾತಿಯನ್ನು ಮಾತ್ರ ಮಡಿಲಲ್ಲಿ ಕಟ್ಟಿಕೊಂಡೇ ಬಂದಿದ್ದರು. ಪೂಜೆಯಲ್ಲಿ ಗೂಡುಕೇರಿಯವರು ಕೂರುವುದು ಕಡೆಯ ಸಾಲಿನ ಹಿಂದೆ, ನೆಲದ ಮೇಲೆ. ಪಾಸ್ಖದ ಹಿಂದಿನ ದೊಡ್ಡ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರಲ್ಲ, ಆ ಹನ್ನೆರಡರಲ್ಲಿ ಗೂಡುಕೇರಿಯ ಕಾಲು ಎಂದೂ ಇರಲಿಲ್ಲ. ಅವರ ಸತ್ತವರನ್ನು ಚಾಪೆಯಲ್ಲಿ ಸುತ್ತಿ, ಬಿದಿರಿಗೆ ಕಟ್ಟಿ, ಗುಡಿಯ ಪಕ್ಕದ ಸಂದಿಯಿಂದ ಸಾಗಿಸಬೇಕು. ಆ ಕೇರಿಯ ಮದಲೇನಮ್ಮ ಎಂಬವಳ ಮಾವನನ್ನು ಹಾಗೆಯೇ ಹೊತ್ತಿದ್ದರು. ಚಾಪೆ ಗಿಡ್ಡ, ಮುದುಕ ಉದ್ದ. ದಾರಿಯುದ್ದಕ್ಕೂ ಎರಡು ಕಾಲುಗಳು ಹೊರಗೆ ತೂಗಾಡುತ್ತಿದ್ದವು. ಅವಳ ಗಂಡ ಚೌರಪ್ಪ ಹಿಂದೆ ಹಿಂದೆ ನಡೆದು ಆ ಕಾಲುಗಳನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಗುಂಡಿ ಮುಟ್ಟಿದ. ಅವತ್ತು ಮನೆಗೆ ಬಂದವನು ಉಣ್ಣಲಿಲ್ಲ. “ನನ್ನ ಹಂಗ್ ಹೊರಬ್ಯಾಡಿ ಕಣಮ್ಮಿ. ಹೆಬ್ಬಾಗ್ಲಿಂದ ಕರ್ಕೊಂಡೋಗಿ” ಎಂದ. ಮದಲೇನಮ್ಮ ಹೂಂ ಎಂದಳು. ಗಟ್ಟಿಮುಟ್ಟಾದ ಗಂಡನಿಗೆ ಹೂಂ ಎನ್ನಲು ಏನು ಕಷ್ಟ ಎಂದುಕೊಂಡಿದ್ದಳು.

ಆ ವರ್ಷ ಪಾಸ್ಖದ ವಾರದ ಮಂಗಳವಾರ ಚೌರಪ್ಪ ಬಿದಿರಿನ ಸಾರುವೆ ಹತ್ತಿ ಗುಡಿಯ ನೆತ್ತಿಗೆ ಸುಣ್ಣ ಬಳಿಯುತ್ತಿದ್ದ. ಶಿಲುಬೆಯ ಬುಡದಲ್ಲಿ ಒಂದು ಗೇಣು ಉಳಿದಿತ್ತು. ಅದಕ್ಕೆಂದು ಕುಂಚ ಚಾಚಿದಾಗ ಬಿದಿರು ಜಾರಿತು. ಕೆಳಗೆ ಸುಣ್ಣ ಕಲಸುತ್ತಿದ್ದ ಮದಲೇನಮ್ಮನ ಕಣ್ಣೆದುರಿಗೇ ಬಿದ್ದ. ಓಡಿಹೋಗಿ ತಲೆಯನ್ನು ತೊಡೆಯ ಮೇಲೆ ಎತ್ತಿಕೊಳ್ಳುವಷ್ಟರಲ್ಲಿ ಜೀವ ಹೋಗಿತ್ತು. ಮುಖದ ಮೇಲಿನ ಸುಣ್ಣ ಇನ್ನೂ ಆರಿರಲಿಲ್ಲ. ಅವಳೇ ಮನೆಗೆ ಹೊರಿಸಿಕೊಂಡು ಹೋಗಿ, ಅವಳೇ ಮೈ ತೊಳೆದು, ಅವಳೇ ಕಾಲು ತೊಳೆದಳು ಎನ್ನುತ್ತಾರೆ. ಪಾದ್ರಿಗಳು ಬೇರೆ ಊರಿನಲ್ಲಿದ್ದರು, ಬರುವುದು ಮಾರನೆಯ ದಿನ. ಬಿಸಿಲು ನೋಡಿದರೆ ಹೆಣ ಅಷ್ಟು ಹೊತ್ತು ತಾಳುವಂತಿರಲಿಲ್ಲ. ಆದ್ದರಿಂದ ಅವಳ ಮೈದುನ ಅರುಳಪ್ಪ ಪೆಟ್ಟಿಗೆ ಕೇಳಲು ಮೇಲುಕೊಪ್ಪಲಿಗೆ ಹೋದ. ಹೋದಷ್ಟೇ ಬೇಗ ತಲೆ ತಗ್ಗಿಸಿಕೊಂಡು ಬರಿಗೈಯಲ್ಲಿ ಬಂದ. ಮದಲೇನಮ್ಮ ಒದ್ದೆ ಸೆರಗನ್ನು ಹಿಂಡಿಕೊಂಡು ತಾನೇ ಎದ್ದಳು.

ಕೀಲಿ ಇದ್ದದ್ದು ಮೇಲುಕೊಪ್ಪಲಿನ ಯಜಮಾನ ಇನ್ನಾಸಪ್ಪನ ಸೊಂಟದಲ್ಲಿ. ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವನು ಅವಳನ್ನು ಕಂಡು ಎದ್ದೇಳಲಿಲ್ಲ, ಕೂರು ಎನ್ನಲೂ ಇಲ್ಲ.

“ಯಜಮಾನ್ರೇ, ಗುಡಿಗೆ ಸುಣ್ಣ ಬಳೀತಾನೇ ಬಿದ್ದು ಸತ್ತವ್ನೆ. ಗುಡಿ ಪೆಟ್ಗೇಲಿ, ಗುಡಿ ಬಾಗ್ಲಿಂದ ಹೊರಡ್ಲಿ ಅಂತ ಕೇಳ್ತಿವ್ನಿ. ನಿಮ್ಮನೆ ಮಂಚ ಕೇಳ್ತಿಲ್ಲ” ಎಂದಳು ಮದಲೇನಮ್ಮ.

“ನಿಮ್ಮೋರು ಒಂದ್ಸಲ ಮಲಗಿದ್ ಪೆಟ್ಗೇಲಿ ನಾಳೆ ನಮ್ಮೋರು ಮಲಗ್ತಾರಾ ನೀನೇ ಹೇಳವ್ವ” ಎಂದ ಇನ್ನಾಸಪ್ಪ. ಆಮೇಲೆ ದನಿಯನ್ನು ಜೇನಿನಷ್ಟು ಸಿಹಿ ಮಾಡಿಕೊಂಡು, “ಸತ್ತೋನ್ಗೆ ಪೆಟ್ಗೆ ಆದ್ರೇನು, ಚಾಪೆ ಆದ್ರೇನು? ದೇವ್ರ ಕಣ್ಗೆ ಎಲ್ಲಾ ಒಂದೇ ಅಲ್ವಾ?” ಎಂದು ಸೇರಿಸಿದ.

“ಒಂದೇ ಆದ್ರೆ ಚಾಪೆ ನೀವ್ ಮಡಿಕ್ಕೊಳ್ಳಿ. ಪೆಟ್ಗೆ ನಮ್ಗೆ ಕೊಡಿ.”

ಇನ್ನಾಸಪ್ಪ ಜಗಲಿಯಿಂದ ಇಳಿದ. ಆಳುಗಳನ್ನು ಕರೆದುಕೊಂಡು ದಿಣ್ಣೆ ಹತ್ತಿ, ಪೆಟ್ಟಿಗೆಯನ್ನು ಒಳಗೇ ಬಿಟ್ಟು, ಹೆಬ್ಬಾಗಿಲಿನ ಎರಡೂ ಕದಗಳನ್ನು ಎಳೆದು, ಅವುಗಳ ಮೇಲೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಹಾಕಿ ಬೀಗ ಜಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆ. ಇಲ್ಲಿ ಪೂಜಾರಿಯೂ ಊರಲ್ಲಿರಲಿಲ್ಲ, ಕೀಲಿ ಹಿಡಿದವನೇ ದೇವರಾಗಿ ಕೂತಿದ್ದ.

ಗೂಡುಕೇರಿಯವರು ಚೌರಪ್ಪನನ್ನು ಎತ್ತಿಕೊಂಡು ದಿಣ್ಣೆಗೆ ಬಂದಾಗ ಹೊತ್ತು ಇನ್ನೂ ನೆತ್ತಿಯ ಮೇಲೇ ಇತ್ತು. ಅವನೇ ಬೆಳಗ್ಗೆ ಬಳಿದ ಗೋಡೆ ಕಣ್ಣು ಕೋರೈಸುತ್ತಿತ್ತು. ಬಾಗಿಲಿಗೆ ಬೀಗ. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಗಂಡಸರು ವಾಡಿಕೆಯಂತೆ ಪಕ್ಕದ ಸಂದಿಯ ಕಡೆ ತಿರುಗಿದರು. ಮದಲೇನಮ್ಮನಿಗೆ ಇನ್ನಾಸಪ್ಪನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಕೋಪ ತನ್ನವರ ಮೇಲೆ ಬಂದದ್ದು ಆಗಲೇ. ಯಾರೂ ಹೇಳದೆಯೇ ಅವರ ಕಾಲು ಸಂದಿಯ ಕಡೆ ತಿರುಗಿತ್ತಲ್ಲ! “ಎಲ್ಲಿಗ್ ಹೋಯ್ತಿದ್ದೀರಿ? ಇಳ್ಸಿ ಇಲ್ಲೇ” ಎಂದು ಕೂಗಿದಳು. ಹೆಣವನ್ನು ಹೊಸ್ತಿಲ ಮುಂದೆ ಇಳಿಸಿದರು. “ಅರುಳಪ್ಪ, ಹಾರೆ ತತ್ತಾ.”

ಸುಣ್ಣದ ಕಲ್ಲು ಕೀಳುವವರಿಗೆ ಹಾರೆ ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಅರುಳಪ್ಪ ಮೊದಲು ಬೀಗಕ್ಕೇ ಹಾರೆ ಹಾಕಲು ಹೋದ. ಅವಳು ತಡೆದಳು. “ಬೀಗ ಮುಟ್ಬ್ಯಾಡ. ಅದು ಅವ್ರದು. ಕದ ಎತ್ತು” ಎಂದಳು. ಹೊಸ್ತಿಲ ಗುಳಿಗಳಿಂದ ಎರಡೂ ಕದಗಳನ್ನು ಒಟ್ಟಿಗೇ ಮೀಟಿ ಎಬ್ಬಿಸಿದರು. ಅಡ್ಡಪಟ್ಟಿ ಹಾಕಿ ಬೀಗ ಜಡಿದಿದ್ದರಿಂದಲೇ ಎರಡು ಕದಗಳೂ ಒಂದೇ ಹಲಗೆಯಂತೆ ಈಚೆಗೆ ಬಂದವು. ಇನ್ನಾಸಪ್ಪ ಬೀಗ ಹಾಕದೆ ಬಿಟ್ಟಿದ್ದರೆ ಅವು ಬೇರೆ ಬೇರೆಯಾಗಿ ಬೀಳುತ್ತಿದ್ದವು. ಅವನೇ ತನ್ನ ಕೈಯಾರೆ ಚೌರಪ್ಪನಿಗೆ ಚಟ್ಟ ಕಟ್ಟಿಕೊಟ್ಟಂತಾಯಿತು ಎಂದು ಗೂಡುಕೇರಿಯಲ್ಲಿ ಇಂದಿಗೂ ನಗುತ್ತಾರೆ. ಆ ನಗುವಿನಲ್ಲಿ ಸಂತೋಷವಿಲ್ಲ.

ಕದ ಹೋದ ಮೇಲೆ ಒಳಗಿನ ತೇಗದ ಪೆಟ್ಟಿಗೆ ಎಲ್ಲರ ಕಣ್ಣಿಗೂ ಬಿತ್ತು. ಹುಡುಗರು ಹೋ ಎಂದು ಅದರ ಕಡೆ ನುಗ್ಗಿದರು. ಕೇಳಿದ್ದು ಅದನ್ನೇ ಅಲ್ಲವೇ? ಈಗ ತಡೆಯುವವರು ಯಾರೂ ಇರಲಿಲ್ಲ. ಮದಲೇನಮ್ಮ ಅಡ್ಡ ನಿಂತಳು. “ಆ ಪೆಟ್ಗೆ ಬ್ಯಾಡ. ಕೇಳ್ದಾಗ ಕೊಡ್ನಿಲ್ಲ, ಈಗ ಕೊಟ್ರೂ ಬ್ಯಾಡ. ಅದು ಗುಂಡಿಗಂಟ ಬಂದು ವಾಪಸ್ ಹೋಯ್ತದೆ. ಈ ಕದ ವಾಪಸ್ ಬರಕ್ಕಿಲ್ಲ” ಎಂದಳು. ಚೌರಪ್ಪನನ್ನು ಕದದ ಮೇಲೆ ಮಲಗಿಸಿ, ಕೆಳಗೆ ಬಿದಿರು ಕೊಟ್ಟು ಹಗ್ಗ ಬಿಗಿದು, ಹೆಬ್ಬಾಗಿಲಿಂದ ಒಳಗೆ ಕೊಂಡೊಯ್ದರು. ಪೀಠದ ಮುಂದೆ ಒಂದು ಗಳಿಗೆ ಇಳಿಸಿ, ಅದೇ ಹೆಬ್ಬಾಗಿಲಿಂದ ಹೊರಗೆ ಕರೆತಂದರು. ಕದ ಉದ್ದವಾಗಿತ್ತು. ಕಾಲು ಎಲ್ಲೂ ತೂಗಾಡಲಿಲ್ಲ.

ಸುದ್ದಿ ತಿಳಿದು ಇನ್ನಾಸಪ್ಪ ಏದುಸಿರು ಬಿಡುತ್ತ ಓಡಿಬಂದ. “ದೇವ್ರ ಗುಡಿ ಕದ ಕಿತ್ತೀಯಾ? ನಿನ್ ವಂಸ ನಾಸ ಆಗೋಯ್ತದೆ!” ಎಂದು ಅರಚಿದ. ಅವಳು ನಿಲ್ಲಲೇ ಇಲ್ಲ. “ಬೀಗ ಹಂಗೇ ಐತೆ ಯಜಮಾನ್ರೇ. ಕೀಲಿ ಜೋಪಾನವಾಗ್ ಮಡಿಕ್ಕೊಳ್ಳಿ” ಎಂದು ಹೇಳುತ್ತಲೇ ಮುಂದೆ ಹೋದಳು. ಸಮಾಧಿ ತೋಟದ ಕೆಳಮೂಲೆಯಲ್ಲಿ ಅವನನ್ನು ಮಣ್ಣಿಗಿಳಿಸಿ, ಆ ಕದವನ್ನೇ ಬೀಗದ ಮುಖ ಮೇಲೆ ಮಾಡಿ ಮುಚ್ಚಿದರು. ಗುಡಿಯ ದುರಸ್ತಿಗೆಂದು ಕಲಸಿಟ್ಟಿದ್ದ ಗಾರೆಯನ್ನು ತಂದು, ಬೀಗ ಮತ್ತು ಪಟ್ಟಿಯನ್ನು ಬಿಟ್ಟು, ಮೇಲೆಲ್ಲ ಸುರಿದರು. ಮಂತ್ರ ಹೇಳಲು ಯಾರೂ ಇಲ್ಲದ್ದರಿಂದ ಮದಲೇನಮ್ಮನೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಪರಲೋಕ ಮಂತ್ರ ಶುರು ಮಾಡಿದಳು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಸಾಲು ಬಂದಾಗ ನಿಲ್ಲಿಸಿದಳು. ಜನ ಕಾದರು. ಅವಳು ಆ ಸಾಲನ್ನು ಬಿಟ್ಟು ಮುಂದಿನದನ್ನು ಹೇಳಿದಳು.

ಮಾರನೆಯ ದಿನ ಪಾದ್ರಿಗಳು ಬಂದರು. ಕಡಲಾಚೆಯಿಂದ ಬಂದ ಮುದುಕರು, ಒಳ್ಳೆಯವರೇ. ಆದರೆ ಒಳ್ಳೆಯತನಕ್ಕೆ ನಾಲಗೆ ಇರಲಿಲ್ಲ. ಇಷ್ಟು ವರ್ಷ ಚಾಪೆಯನ್ನೂ ಸಂದಿಯನ್ನೂ ಕಂಡಿದ್ದರು, ಮೇಲುಕೊಪ್ಪಲಿನವರು ಮುನಿದು ಗುಡಿ ಬಿಟ್ಟಾರೆಂದು ಸುಮ್ಮನಿದ್ದರು. ಅವಳನ್ನು ಗುಡಿಯಿಂದಲೇ ಹೊರಗೆ ಹಾಕಿ ಎಂದು ಇನ್ನಾಸಪ್ಪ ಪಟ್ಟು ಹಿಡಿದ. ಪಾದ್ರಿಗಳು ಕದವಿಲ್ಲದ ಬಾಗಿಲಲ್ಲಿ ಬಗ್ಗಿ ಖಾಲಿ ಗುಳಿಗಳನ್ನು ನೋಡಿ, ಸೀದಾ ಗೂಡುಕೇರಿಗೆ ನಡೆದರು. ಮದಲೇನಮ್ಮನ ಮನೆಯ ಮುಂದೆ ನಿಂತು, “ನಾಳೆ ಗುರುವಾರ. ನಿಮ್ಮವರು ಹನ್ನೆರಡು ಮಂದಿ ಬರಬೇಕು. ನಾನು ಕಾಲು ತೊಳೆಯುತ್ತೇನೆ” ಎಂದರು.

“ಚೌರಪ್ಪನ ಕಾಲ ನಾನೇ ತೊಳ್ದೆ ಸಾಮಿ” ಎಂದಳು ಮದಲೇನಮ್ಮ. “ಅವ್ರಪ್ಪನ ಕಾಲು ತೂಗಾಡ್ಕಂಡ್ ಹೋಯ್ತಿತ್ತಲ್ಲ, ಅವತ್ತು ನೀವು ಊರಲ್ಲೇ ಇದ್ರಿ. ಅವತ್ತೇ ತೊಳೀಬೇಕಿತ್ತು.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಪಾದ್ರಿಗಳು ಕಣ್ಣೊರೆಸಿಕೊಂಡು ಹಿಂದಿರುಗಿದರು. ಆ ಗುರುವಾರ ಅವರು ಯಾರ ಕಾಲನ್ನೂ ತೊಳೆಯಲಿಲ್ಲ ಎನ್ನುತ್ತಾರೆ.

ಇನ್ನಾಸಪ್ಪ ಸೋಲುವ ಜಾತಿಯವನಲ್ಲ. ಹಬ್ಬ ಕಳೆಯುತ್ತಲೇ ಬಡಗಿಗಳನ್ನು ಕೂರಿಸಿ ಹೊಸ ಕದ ಮಾಡಿಸಿ ನಿಲ್ಲಿಸಿದ. ಅದಕ್ಕೂ ಬೀಗ, ಅದಕ್ಕೂ ಒಂದು ಕೀಲಿ. ಮುಂದಿನ ಭಾನುವಾರ ಗೂಡುಕೇರಿಯವರು ಬಂದು ಒಳಗೆ ಕಾಲಿಡದೆ ದಿಣ್ಣೆಯ ಬುಡದ ಹುಣಸೆಮರದ ಕೆಳಗೆ ಕೂತರು. ಅವರನ್ನು ಕಂಡು ಹೊಂಗೆಹಳ್ಳಿಯವರು ಕೂತರು. ಇಂದು ಅವರಿಗೆ ಹಾಕಿದ ಬೀಗ ನಾಳೆ ನಮಗೂ ಬಿದ್ದೀತು ಎಂಬುದು ಅವರಿಗೂ ಹೊಳೆದಿತ್ತು. ತೋಪಿನಪುರ, ಕಟ್ಟೆಮಾಳಗಳೂ ಬಂದು ಕೂತವು. ಒಳಗೆ ಮೇಲುಕೊಪ್ಪಲಿನವರು ಮಾತ್ರ. ಕೆಲವು ವಾರ ಹಾಗೇ ನಡೆಯಿತು. ಕಡೆಗೆ ಇನ್ನಾಸಪ್ಪನ ಸ್ವಂತ ಸೊಸೆಯೇ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಬಂದು ಮರದ ಕೆಳಗೆ ಕೂತಾಗ, ಅವನು ಕದ ಬಿಚ್ಚಿಸಿದ. ಆ ಕದ ಅವನ ದನದ ಕೊಟ್ಟಿಗೆಗೆ ಹೋಯಿತು. ಅಂದಿನಿಂದ ಆ ಬಾಗಿಲವಾಡಕ್ಕೆ ಯಾರೂ ಕದ ಇಟ್ಟಿಲ್ಲ. ಮರುವರ್ಷ ಮದಲೇನಮ್ಮ ಸುಣ್ಣದ ಮಡಕೆ ಹೊತ್ತು ದಿಣ್ಣೆ ಹತ್ತಿದಾಗ ಅರುಳಪ್ಪನೇ ಬೆರಗಾಗಿ, ಅವರ ಗುಡಿಗೆ ಇನ್ನೂ ಯಾಕೆ ಸುಣ್ಣ ಬಳಿಯಬೇಕು ಎಂದು ಕೇಳಿದನಂತೆ. “ಯಾವನ್ ಹೇಳ್ದೋನು ಅವ್ರದು ಅಂತ? ಗುಡಿ ನಮ್ದು ಕಣ. ನಾವ್ಯಾಕೆ ಬುಡಾವ?” ಎಂದು ಗದರಿ ಅವಳು ಕುಂಚ ಅದ್ದಿದಳು. ಬಾಗಿಲವಾಡದ ಕಲ್ಲನ್ನು ಮಾತ್ರ ಬಳಿಯದೆ ಬಿಟ್ಟಳು.

ಈಗಲೂ ಹೋದವರಿಗೆ ಬೆಳ್ಳನೆಯ ಗೋಡೆಯ ನಡುವೆ ಆ ಕಲ್ಲು ಕಪ್ಪಗೆ ಕಾಣುತ್ತದೆ. ಐದೂ ಊರಿನ ಸತ್ತವರು ಆ ಒಂದೇ ಬಾಗಿಲಿಂದ ಹೊರಡುತ್ತಾರೆ. ತೇಗದ ಪೆಟ್ಟಿಗೆ ಒಳಗೆ ಒಂದು ಮೂಲೆಯಲ್ಲಿದೆ, ಅದರಲ್ಲಿ ಪೊರಕೆ ಮತ್ತು ಸುಣ್ಣದ ಕುಂಚಗಳನ್ನು ಇಡುತ್ತಾರೆ. ಸಮಾಧಿ ತೋಟದ ಕೆಳಮೂಲೆಗೆ ಇಳಿದರೆ ಚೌರಪ್ಪನ ಗೋರಿ. ಮರ ಎಂದೋ ಗೆದ್ದಲು ತಿಂದು ಹೋಗಿದೆ, ಗಾರೆಯಲ್ಲಿ ಮಾತ್ರ ಕದದ ಅಚ್ಚು ಹಾಗೇ ನಿಂತಿದೆ. ನಡುವೆ ತುಕ್ಕು ಹಿಡಿದ ಪಟ್ಟಿ, ಅದಕ್ಕೊಂದು ಬೀಗ. ಪ್ರತಿ ವರ್ಷ ಸುಣ್ಣ ಬಳಿದು ಮುಗಿದ ಸಂಜೆ ಗೂಡುಕೇರಿಯವರು ಅದರ ಸುತ್ತ ನಿಂತು ಪರಲೋಕ ಮಂತ್ರ ಹೇಳುತ್ತಾರೆ. ಕ್ಷಮಿಸುವ ಆ ಒಂದು ಸಾಲು ಬಂದಾಗ ಎಲ್ಲರೂ ಬಾಯಿ ಮುಚ್ಚಿ ನಿಲ್ಲುತ್ತಾರೆ, ಆಮೇಲೆ ಮುಂದಕ್ಕೆ ಹೋಗುತ್ತಾರೆ. ಹೊಸದಾಗಿ ಬಂದ ಪಾದ್ರಿಗಳು ಇದು ತಪ್ಪಲ್ಲವೇ ಎಂದು ಕೇಳುವುದುಂಟು. ಬೀಗದ ಕೀಲಿ ಮೇಲುಕೊಪ್ಪಲಿನ ದೊಡ್ಡಮನೆಯಲ್ಲಿ ಇನ್ನೂ ಇದೆ, ಆ ಮನೆಯವರು ಅದನ್ನು ತಂದು ತಮ್ಮ ಕೈಯಿಂದ ಈ ಬೀಗವನ್ನು ತೆಗೆದ ದಿನ ಆ ಸಾಲನ್ನೂ ಹೇಳುತ್ತೇವೆ ಎನ್ನುತ್ತಾರೆ ಗೂಡುಕೇರಿಯವರು. ದಾರಿ ದೂರವೇನಲ್ಲ, ದಿಣ್ಣೆಯ ಮೇಲಿಂದ ದೊಡ್ಡಮನೆಯ ಹೆಂಚು ಕಾಣುತ್ತದೆ. ಇನ್ನೂ ಯಾರೂ ಬಂದಿಲ್ಲ.