ಕೆರೆದ ಮೂಲೆ

"ಅವ್ವಾ, ಅನ್ಯಾಯ ಕಂಡು ಸಿಟ್ಟಾಗುವುದು ತಪ್ಪೇ?"

ಕೇಳಿದವನು ಒಬ್ಬ ಶಿಷ್ಯ. ಊರಿನ ಶಾಲೆಯಲ್ಲಿ ಮೇಷ್ಟ್ರು. ಮಠದ ಅವ್ವ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕುಳಿತಿದ್ದಳು. ಅವನು ಕೂರಲಿಲ್ಲ, ನಿಂತೇ ಮಾತಾಡಿದ.

"ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸನ್ನು ದುಂಡಪ್ಪ ಕೆಲಸದಿಂದ ಬಿಡಿಸಿಬಿಟ್ಟ. ಬೇಳೆ ಕದ್ದಳು ಅಂತ ಸುಳ್ಳು ಕಟ್ಟಿದ. ಶಾಲಾ ಸಮಿತಿಗೆ ಅಧ್ಯಕ್ಷನಾದರೆ ಏನು ಬೇಕಾದರೂ ಮಾಡಬಹುದೇ? ದುಂಡಪ್ಪನ ಸೊಸೆಗೆ ಆ ಕೆಲಸ ಬೇಕಾಗಿತ್ತು, ಅಷ್ಟೇ. ನಾನು ಬಿಡುವುದಿಲ್ಲ. ಕರಪತ್ರ ಬರೆದು ಅಚ್ಚು ಹಾಕಿಸಿದ್ದೇನೆ. ಮೇಲಿಂದ ಕೆಳಗಿನತನಕ ದುಂಡಪ್ಪನ ಬಂಡವಾಳವನ್ನೆಲ್ಲ ಬಯಲಿಗೆ ಎಳೆದಿದ್ದೇನೆ. ನಾಳೆ ಮನೆಮನೆಗೆ ಹಂಚುತ್ತೇನೆ. ಹಿರಿಯರೋ, ಸಿಟ್ಟು ಬಿಡು, ಸಮಾಧಾನ ತಂದುಕೋ ಅನ್ನುತ್ತಾರೆ. ನೀನೂ ಅದನ್ನೇ ಹೇಳುತ್ತೀಯಾ?"

"ಸಮಾಧಾನ ತಂದುಕೋ ಅಂದವರ ಮನೆಯ ಒಲೆಯೇನೂ ಆರಿಲ್ಲವಲ್ಲ" ಎಂದಳು ಅವ್ವ. "ಸಿಟ್ಟು ಬರಲಿ ತಮ್ಮಾ. ಇಂಥದಕ್ಕೂ ಬರದಿದ್ದರೆ ಮತ್ತೆ ಯಾವುದಕ್ಕೆ ಬರಬೇಕು? ಕೂತುಕೋ. ಒಬ್ಬ ಸಿಟ್ಟಿನ ಮನುಷ್ಯನ ಕತೆ ಹೇಳುತ್ತೇನೆ."

ಶಿಷ್ಯ ಕುಳಿತ. ಅವ್ವ ಹೇಳತೊಡಗಿದಳು.

ಒಬ್ಬ ಪ್ರಕಾಶಕನಿದ್ದ. ಬಹಳ ಸಣ್ಣ ಪ್ರಕಾಶಕ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದೇ ಆಫೀಸು, ಅದೇ ಗೋದಾಮು. ಬೇರೆಯವರು ಪಂಚಾಂಗ ತರುತ್ತಿದ್ದರು, ಪರೀಕ್ಷೆಯ ಗೈಡು ತರುತ್ತಿದ್ದರು. ಇವನು ತರುತ್ತಿದ್ದದ್ದು ಒಂದೇ ಬಗೆಯ ಪುಸ್ತಕ. ಮಕ್ಕಳು ಓದುವ ಚಿತ್ರದ ಕತೆ ಇದೆಯಲ್ಲ, ನೀವು ಕಾಮಿಕ್ಸ್ ಅನ್ನುತ್ತೀರಲ್ಲ, ಅದನ್ನು ಹಿಂದೆ ಯಾರು ಬರೆದರು, ಹೇಗೆ ಅಚ್ಚಾಯಿತು, ಏಕೆ ನಿಂತುಹೋಯಿತು ಅನ್ನುವ ಚರಿತ್ರೆ. ಕೊಳ್ಳುವವರು ಕಡಿಮೆ, ನಗುವವರು ಹೆಚ್ಚು. "ಮಕ್ಕಳು ಓದಿ ಬಿಸಾಡಿದ್ದಕ್ಕೂ ಚರಿತ್ರೆಯೇನಯ್ಯಾ?" ಅನ್ನುವರು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಚ್ಚಾಗಿ ಬಂದ ಹಾಳೆಗಳನ್ನು ಅವನ ಹೆಂಡತಿ ಮಡಿಸಿ, ಹೊಲಿದು, ಅಂಟು ಹಚ್ಚಿ ಪುಸ್ತಕ ಕಟ್ಟುತ್ತಿದ್ದಳು. ಇಬ್ಬರದೇ ಕಾರಖಾನೆ.

ಹಳೆಯ ಪತ್ರಿಕೆ ಹುಡುಕಲು ಅವನು ದೊಡ್ಡ ದೊಡ್ಡ ಗ್ರಂಥಾಲಯಗಳಿಗೆ ಹೋಗುತ್ತಿರಲಿಲ್ಲ. ಚಿತ್ರದ ಕತೆಯನ್ನು ಅಲ್ಲಿ ಯಾರು ಇಡುತ್ತಾರೆ? ಅವನು ಹೋಗುತ್ತಿದ್ದದ್ದು ಹಳೆಯ ಕ್ಷೌರದಂಗಡಿಗಳಿಗೆ. ಸರದಿಗೆ ಕಾಯುವವರು ಓದಲಿ ಅಂತ ಬೆಂಚಿನ ಮೇಲೆ ಹಾಕಿದ್ದ ಪತ್ರಿಕೆಗಳು ಅಲ್ಲಿ ಅಟ್ಟ ಸೇರಿರುತ್ತವೆ. ಮಡಿಕೆಯಲ್ಲಿ ಯಾರಯಾರದೋ ಕೂದಲು. ಕೊಡವಿ ಕೊಡವಿ ಓದಬೇಕು.

ಹಾಗೆ ಒಮ್ಮೆ ಒಂದು ವಾರಪತ್ರಿಕೆಯ ಕಟ್ಟು ಸಿಕ್ಕಿತು. ಅದರಲ್ಲಿ ಒಂದು ಕತೆ ವಾರವಾರವೂ ಬಂದಿತ್ತು. ದೊಡ್ಡ ಮಡಕೆಯಂಥ ಗುಡಾಣದೊಳಗೆ ಕೂತು ಊರೂರು ಉರುಳುವ ಒಬ್ಬ ಹುಡುಗಿ. ಗುಡಾಣ ಇಳಿಜಾರಿಗೆ ಬಿತ್ತೆಂದರೆ ಸಾಹುಕಾರನ ಪೇಟ, ಶಾನುಭೋಗನ ಕೊಡೆ, ಎಲ್ಲವೂ ಗಾಳಿಯಲ್ಲಿ. ಪ್ರಕಾಶಕ ಅಟ್ಟದ ಮೇಲೇ ಕೂತು ನಕ್ಕ. ನಕ್ಕು ಮುಗಿದ ಮೇಲೆ ಅವನ ಕಣ್ಣು ಪುಟದ ಮೂಲೆಗೆ ಹೋಯಿತು. ಅಲ್ಲಿ ಒಂದು ಬಿಳಿ ಮಚ್ಚೆ. ಕೆರೆದ ಹಾಗಿತ್ತು. ಮುಂದಿನ ವಾರದ್ದನ್ನು ತೆಗೆದ. ಅಲ್ಲೂ ಅದೇ ಮೂಲೆ, ಅದೇ ಮಚ್ಚೆ. ಎಲ್ಲ ವಾರವೂ ಹಾಗೆಯೇ. ಕತೆಯ ತಲೆಯ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ ಪತ್ರಿಕೆಯ ಧಣಿಯ ಹೆಸರು. ಕತೆಯೂ ಅವನದಂತೆ, ಚಿತ್ರವೂ ಅವನದಂತೆ.

ಪ್ರಕಾಶಕ ವಿಚಾರಿಸುತ್ತ ಹೋದ. ಹಳೆಯ ಅಚ್ಚುಮನೆಯ ಜನ ನಿಜ ಹೇಳಿದರು. ಬರೆದದ್ದು ಒಬ್ಬ ಹೆಂಗಸು. ಕತೆ ಕಟ್ಟಿದ್ದೂ ಅವಳೇ, ಚಿತ್ರ ಬರೆದದ್ದೂ ಅವಳೇ. ಪ್ರತಿ ವಾರ ಮೂಲೆಯಲ್ಲಿ ಸಣ್ಣಗೆ ತನ್ನ ಸಹಿ ಹಾಕುತ್ತಿದ್ದಳು. ಆ ಕಾಲದಲ್ಲಿ ಚಿತ್ರವನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಬ್ಲಾಕು ಮಾಡಿ ಅಚ್ಚು ಹಾಕುವುದು. ಧಣಿ ಆ ಬ್ಲಾಕಿನ ಮೇಲಿದ್ದ ಸಹಿಯನ್ನು ಉಳಿಯಿಂದ ಕೆರೆಸಿಬಿಡುತ್ತಿದ್ದ. ಅವಳು ಮುಂದಿನ ವಾರ ಮತ್ತೆ ಹಾಕುವಳು. ಅವನು ಮತ್ತೆ ಕೆರೆಸುವನು. ಅವಳು ಕೈಯಾರೆ ಬರೆದ ಹಾಳೆಗಳನ್ನಾದರೂ ಮರಳಿ ಕೊಟ್ಟನೇ? ಅದೂ ಇಲ್ಲ. ಅವುಗಳಿಂದ ಯಂತ್ರದ ಮಸಿ ಒರೆಸುತ್ತಿದ್ದರು.

ಹೇಳು ಈಗ, ಸಿಟ್ಟು ಬರುತ್ತದೋ ಇಲ್ಲವೋ? ನನಗೇ ಬರುತ್ತದೆ. ಆ ಧಣಿ ಎದುರಿಗೆ ಇದ್ದಿದ್ದರೆ ಈ ಮೊರ ಅವನ ತಲೆಯ ಮೇಲಿರುತ್ತಿತ್ತು.

ಅದೇ ಹೊತ್ತಿಗೆ ಪಟ್ಟಣದ ದೊಡ್ಡವರು ಸೇರಿ ಆ ಧಣಿಗೆ ಸನ್ಮಾನ ಇಟ್ಟುಕೊಂಡರು. ಮಕ್ಕಳ ಚಿತ್ರಕತೆಗೆ ತಂದೆಯೇ ಇವರು ಅಂತ. ಶಾಲು, ಹಾರ, ತೆರೆದ ಜೀಪಿನಲ್ಲಿ ಮೆರವಣಿಗೆ. ಸುದ್ದಿ ಕೇಳಿ ಪ್ರಕಾಶಕನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಆ ಹೆಂಗಸನ್ನು ಹುಡುಕಿಕೊಂಡು ಹೋದ.

ಅವಳು ಮುದುಕಿಯಾಗಿದ್ದಳು. ಕಣ್ಣಿನ ನರ ಒಣಗುತ್ತ ಬಂದಿತ್ತು. ಡಾಕ್ಟರು ಕೈಬಿಟ್ಟಿದ್ದರು. ಬಾಗಿಲ ಸಂದಿಯಿಂದ ಇಣುಕಿದಷ್ಟು ಮಾತ್ರ ನೋಟ ಉಳಿದಿತ್ತು. ಅದೂ ಇನ್ನು ಬಹಳ ದಿನದ್ದಲ್ಲ.

"ತಾಯಿ, ನಿಮ್ಮ ಮೇಲೆ ಪುಸ್ತಕ ಮಾಡುತ್ತೇನೆ. ನಿಮ್ಮ ಹೆಸರು ಹೊರಗೆ ಬರಬೇಕು. ಆ ಧಣಿಯನ್ನು ಬೀದಿಗೆ ಎಳೆಯುತ್ತೇನೆ" ಅಂದ.

"ಹೆಸರು ಹಾಕು, ಬೇಡ ಅನ್ನುವುದಿಲ್ಲ. ಅವನನ್ನು ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗು, ನನಗೇನು! ಆದರೆ ಅಪ್ಪಾ, ನಾನು ಬರೆದದ್ದು ನನ್ನ ಹತ್ತಿರ ಒಂದು ಹಾಳೆಯೂ ಇಲ್ಲ. ಕಣ್ಣು ಹೋಗುವುದರೊಳಗೆ ನನ್ನ ಗುಡಾಣದ ಹುಡುಗಿಯನ್ನು ಒಂದು ಸಲ ಮೊದಲಿಂದ ಕೊನೆತನಕ ತೋರಿಸಿಬಿಡು. ಪುಟದ ತುಂಬ ಹಾಕು. ನನಗೆ ಕಾಣುವ ಹಾಗೆ ಹಾಕು. ಇದೊಂದೇ ನಾನು ಕೇಳುವುದು."

"ಆಯಿತು ತಾಯಿ" ಅಂದ. ಕಾಲು ಮುಟ್ಟಿದ. ಅದು ನಾಟಕವಲ್ಲ. ಅವನು ಒಳ್ಳೆಯವನೇ.

ಶಕ್ತಿ ಮೀರಿ ಕಾಗದ ತರಿಸಿದ. ಒಂದು ಪುಸ್ತಕಕ್ಕೆ ಆಗುವಷ್ಟು, ಅದಕ್ಕಿಂತ ಒಂದು ಹಾಳೆ ಹೆಚ್ಚಿಲ್ಲ. ಗುಡಾಣದ ಕತೆಯನ್ನು ಪೂರ್ತಿ ಹಾಕಿ, ಮುಂದೆ ಎರಡು ಪುಟದ ಮುನ್ನುಡಿ ಸಾಕು ಅಂದುಕೊಂಡ. ಬರೆಯಲು ಕೂತ. ಎರಡು ಪುಟದಲ್ಲಿ ಧಣಿಯ ಮೋಸ ಹಿಡಿಯಲಿಲ್ಲ. ಇನ್ನಷ್ಟು ಬರೆದ. ಧಣಿ ಹಿಂದೆ ಯಾರಯಾರಿಗೆ ಏನೇನು ಮಾಡಿದ್ದ ಅನ್ನುವುದೂ ಸೇರಿತು. ಧಣಿಯ ಅಪ್ಪ ಮಾಡಿದ್ದೂ ಸೇರಿತು. ಬರೆದಷ್ಟೂ ಸಿಟ್ಟು, ಸಿಟ್ಟು ಬಂದಷ್ಟೂ ಬರವಣಿಗೆ. ಹುಡುಗಿಗೆ ಇಟ್ಟಿದ್ದ ಪುಟಗಳು ಒಂದೊಂದಾಗಿ ಧಣಿಯ ಪಾಲಾದವು.

ಆಮೇಲೆ ಅವನಿಗೆ ಅನ್ನಿಸಿತು, ನಾಳೆ ಯಾರಾದರೂ ಸಾಕ್ಷಿ ಕೇಳಿದರೆ? ಸಾಕ್ಷಿ ಇತ್ತಲ್ಲ, ಆ ಕೆರೆದ ಮೂಲೆಗಳು. ಒಂದೊಂದು ಮೂಲೆಯ ಫೋಟೋ ತೆಗೆಸಿದ. ಉಳಿಯ ಗೀರು ಎದ್ದು ಕಾಣುವ ಹಾಗೆ ದೊಡ್ಡದು ಮಾಡಿಸಿದ. ಒಂದು ಪುಟಕ್ಕೆ ಒಂದು ಮೂಲೆ. ಚರಿತ್ರೆ ಮಾಡುವವರ ರೋಗ ಅದು. ಅವರಿಗೆ ಕತೆಗಿಂತ ಕತೆಗೆ ಆದ ಗಾಯವೇ ಹೆಚ್ಚು ರುಚಿ. ಜಾಗ ಸಾಲದೆ ಬಂದಾಗ ಹುಡುಗಿಯ ಚಿತ್ರಗಳನ್ನು ಸಣ್ಣ ಮಾಡಿದ. ಮತ್ತೂ ಸಾಲಲಿಲ್ಲ. ಮತ್ತೂ ಸಣ್ಣ ಮಾಡಿದ.

ಹೆಂಡತಿ ಹಾಳೆ ಮಡಿಸುತ್ತ ಅಂದಳು, "ಏನ್ರೀ, ಈ ಪುಸ್ತಕದಲ್ಲಿ ಧಣಿ ಬಹಳ ಚೆನ್ನಾಗಿ ಬಂದಿದ್ದಾನೆ. ಸನ್ಮಾನ ಮಾಡುವವರೂ ಅವನ ಮೇಲೆ ಇಷ್ಟು ಬರೆದಿರಲಿಕ್ಕಿಲ್ಲ. ಹುಡುಗಿ ಎಲ್ಲಿ?"

"ಇದ್ದಾಳೆ, ಹಿಂದಿನ ಪುಟಗಳಲ್ಲಿ."

"ಇದ್ದಾಳೆ ಇದ್ದಾಳೆ. ಬೆಂಕಿಪೊಟ್ಟಣಕ್ಕೆ ಅಂಟಿಸಬಹುದು."

"ಅನ್ಯಾಯ ಅಂದರೆ ಏನು ಅಂತ ನಿನಗೆ ಗೊತ್ತೇನೇ?" ಎಂದು ರೇಗಿದ.

"ನನಗೆ ಹಾಳೆ ಮಡಿಸುವುದು ಗೊತ್ತು" ಅಂದವಳೇ ಮುಂದಿನ ಹಾಳೆ ಎತ್ತಿಕೊಂಡಳು.

ಸನ್ಮಾನದ ದಿನ ಅವನು ಸಭೆಯ ಬಾಗಿಲಲ್ಲಿ ನಿಂತು ಪುಸ್ತಕ ಮಾರಿದ. ಊರು ಎದ್ದು ಕೂತಿತು. ಹೌದೇ, ಇಂಥವನೇ ಅಂದರು ಕೆಲವರು. ಹೊಟ್ಟೆಕಿಚ್ಚಿಗೆ ಬರೆದಿದ್ದಾನೆ ಅಂದರು ಕೆಲವರು. ಧಣಿ ಪತ್ರಿಕೆಗೆ ಉತ್ತರ ಕೊಟ್ಟ. ಪ್ರಕಾಶಕ ಆ ಉತ್ತರಕ್ಕೆ ಉತ್ತರ ಕೊಟ್ಟ. ಚಹದಂಗಡಿಯಲ್ಲಿ ಧಣಿ, ಬಸ್ಸಿನಲ್ಲಿ ಧಣಿ, ಮದುವೆಯ ಪಂಕ್ತಿಯಲ್ಲಿ ಧಣಿ. ಆ ಗುಡಾಣದ ಹುಡುಗಿ ಕೊನೆಗೆ ಏನಾದಳು ಅಂತ ಒಬ್ಬನೂ ಕೇಳಲಿಲ್ಲ. ಈ ಜಗಳದಲ್ಲಿ ಪ್ರಕಾಶಕನಿಗೆ ಮುದುಕಿಯ ಮನೆಗೆ ಹೋಗಲು ಪುರುಸೊತ್ತೇ ಆಗಲಿಲ್ಲ.

ಕೊನೆಗೊಂದು ದಿನ ಹೋದ. ಗೆದ್ದ ಮುಖ ಹೊತ್ತುಕೊಂಡು ಹೋದ. ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟ. ಅವಳು ಕಿಟಕಿಯ ಬೆಳಕಿಗೆ ಸರಿದು, ಪುಟವನ್ನು ಕಣ್ಣಿನ ಹತ್ತಿರ ತಂದಳು.

"ಇದೇನಪ್ಪಾ, ಬರಿ ಬಿಳಿ?"

"ಅದು ನಿಮ್ಮ ಸಹಿ ಇದ್ದ ಜಾಗ ತಾಯಿ. ಅವನು ಕೆರೆಸಿದ್ದು. ಸಾಕ್ಷಿ."

ಪುಟ ತಿರುವಿದಳು. "ಇದು?"

"ಅದೂ ಅದೇ."

"ಇದೂ ಅದೇನಾ?"

"ಹೌದು ತಾಯಿ."

"ನನ್ನ ಹುಡುಗಿ?"

ಅವನು ಪುಟ ತೆಗೆದುಕೊಟ್ಟ. ಅವಳು ಮೂಗು ತಾಗುವಷ್ಟು ಹತ್ತಿರ ಹಿಡಿದಳು. ಓರೆಯಾಗಿ ಹಿಡಿದಳು. ಬೆರಳಿನಿಂದ ಕಾಗದವನ್ನು ಒರೆಸಿದಳು.

"ಇಲ್ಲೇನೋ ಕಪ್ಪಗೆ ಕಾಣುತ್ತದೆ. ಇರುವೆ ಸತ್ತು ಅಂಟಿಕೊಂಡಿದೆಯಾ?"

"ಅದೇ ತಾಯಿ, ಗುಡಾಣ."

ಅವಳು ಪುಸ್ತಕ ಮುಚ್ಚಿದಳು. ಅಷ್ಟು ವರ್ಷ ಧಣಿಯ ಮುಂದೆ ಎತ್ತದ ದನಿಯನ್ನು ಇವನ ಮುಂದೆ ಎತ್ತಿದಳು. "ಅವನು ಕೆರೆಸಿದ್ದು ನನ್ನ ಬೆರಳಗಲದ ಜಾಗ. ಉಳಿದ ಪುಟವೆಲ್ಲ ನನ್ನ ಹುಡುಗಿ ಉರುಳುತ್ತಿದ್ದಳು. ಮಕ್ಕಳು ನೋಡುತ್ತಿದ್ದರು, ನಗುತ್ತಿದ್ದರು. ನೀನು ಆ ಬೆರಳಗಲವನ್ನು ಪುಟದಗಲ ಮಾಡಿ ಅವಳನ್ನು ಹೊರಗೆ ಹಾಕಿದೆಯಲ್ಲೋ! ಅವನಿಗಾದರೂ ನನ್ನ ಮೇಲೆ ಸಿಟ್ಟಿತ್ತು, ಬೇಡ ಅಂದರೂ ಸಹಿ ಹಾಕುತ್ತಾಳೆ ಅಂತ. ನಿನಗೆ ನನ್ನ ಮೇಲೆ ಏನಪ್ಪಾ ಸಿಟ್ಟು?"

ಪ್ರಕಾಶಕ ಮನೆಗೆ ಬಂದ. ಧಣಿಯ ಹೊಸ ಉತ್ತರ ಪತ್ರಿಕೆಯಲ್ಲಿ ಬಂದಿತ್ತು. ಓದಲಿಲ್ಲ. ಮೊದಲಿಂದ ಕೆಲಸ ಹಿಡಿದ. ಆದರೆ ಕಾಗದ ಮುಗಿದಿತ್ತಲ್ಲ. ಮತ್ತೆ ದುಡ್ಡು ಕೂಡಿಸಬೇಕು, ಮತ್ತೆ ಅಚ್ಚಾಗಬೇಕು. ಮಳೆಗಾಲ ಹೋಯಿತು, ಚಳಿಗಾಲವೂ ಹೋಯಿತು. ಈ ಸಲ ಮುನ್ನುಡಿ ಇಲ್ಲ, ಧಣಿಯ ಸುದ್ದಿ ಇಲ್ಲ. ಪುಟದ ತುಂಬ ಹುಡುಗಿ, ಹೊದಿಕೆಯ ಮೇಲೆ ಬರೆದವಳ ಹೆಸರು. ಅಂಟು ಇನ್ನೂ ಹಸಿಯಿರುವಾಗಲೇ ಪುಸ್ತಕ ಹಿಡಿದುಕೊಂಡು ಓಡಿದ.

ಮುದುಕಿ ಪುಸ್ತಕ ತೆಗೆದುಕೊಂಡಳು. ಕಿಟಕಿಯ ಕಡೆ ತಿರುಗಲಿಲ್ಲ. ಪುಟದ ಮೇಲೆ ಅಂಗೈ ಆಡಿಸಿದಳು.

"ಗುಡಾಣ ಎಲ್ಲಿದೆ?"

ಅವನು ಅವಳ ಬೆರಳು ಹಿಡಿದು ಗುಡಾಣದ ಮೇಲಿಟ್ಟ.

"ಉರುಳುತ್ತಿದೆಯಾ?"

"ಉರುಳುತ್ತಿದೆ ತಾಯಿ."

"ಯಾರ ಪೇಟ ಹಾರಿತು?"

ಅವನು ಹೇಳುತ್ತ ಹೋದ. ಪುಟ ತಿರುವುತ್ತ ಕೊನೆತನಕ ಹೇಳಿದ. ಅವಳು ಕೊನೆತನಕ ಕೇಳಿದಳು. ಕೇಳಿ, "ನಾನು ನೋಡಬೇಕು ಅಂದಿದ್ದೆ" ಅಂದಳು. ಅವನನ್ನು ಕ್ಷಮಿಸಿದಳು ಅಂತ ನಾನು ಹೇಳುವುದಿಲ್ಲ. ಕ್ಷಮಿಸಲಿಲ್ಲ. ಪುಸ್ತಕವನ್ನು ಮಾತ್ರ ಮರಳಿ ಕೊಡಲಿಲ್ಲ.

ಅವನು ಎದ್ದು ಬಂದ. ದಾರಿಯಲ್ಲಿ ಅವನಿಗೊಂದು ಸಿಟ್ಟು ಬಂತು. ಧಣಿಯ ಮೇಲೂ ಅಂಥ ಸಿಟ್ಟು ಬಂದಿರಲಿಲ್ಲ. ಆದರೆ ಆ ಸಿಟ್ಟಿಗೆ ಪುಸ್ತಕ ಬರೆಯುವ ಹಾಗಿರಲಿಲ್ಲ.

ಅವ್ವ ಕತೆ ನಿಲ್ಲಿಸಿ ಮೊರವನ್ನು ಒಮ್ಮೆ ಕೇರಿದಳು.

ಶಿಷ್ಯನ ಮುಖ ಕೆಂಪಾಗಿತ್ತು. "ಹಾಗಾದರೆ ಧಣಿಯನ್ನು ಸುಮ್ಮನೆ ಬಿಡಬೇಕಿತ್ತೇ? ನಾನು ದುಂಡಪ್ಪನನ್ನು ಸುಮ್ಮನೆ ಬಿಡಲೇ?"

"ಬಿಡು ಅಂತ ಯಾವಾಗ ಅಂದೆನೋ? ಕರಪತ್ರ ಹಂಚು. ನಾನೂ ಬಂದು ನಾಲ್ಕು ಮನೆಗೆ ಕೊಡುತ್ತೇನೆ. ಎದುರಿಗೆ ಸಿಕ್ಕರೆ ಅವನ ಕೈಗೂ ಒಂದು ಕೊಡುತ್ತೇನೆ."

ಶಿಷ್ಯನಿಗೆ ಸಮಾಧಾನವಾಯಿತು. ಕರಪತ್ರದ ಕಟ್ಟನ್ನು ಕಂಕುಳಿಗೆ ಏರಿಸಿ ಎದ್ದ. ಹೊಸ್ತಿಲ ತನಕ ಹೋದ. ಅವ್ವ ತಲೆ ಎತ್ತದೆ, ಬೇಳೆಯಲ್ಲಿದ್ದ ಒಂದು ಕಲ್ಲು ಹೆಕ್ಕುತ್ತ ಕೇಳಿದಳು:

"ಅಂದಹಾಗೆ ತಮ್ಮಾ, ನೀನು ಆ ಅಡುಗೆಯವಳ ಮನೆಗೆ ಹೋದಾಗ, ತನಗೇನು ಬೇಕು ಅಂತ ಹೇಳಿದಳು?"