ಏಳನೇ ಮಗ್ಗ

"ಗುರುಗಳೇ, ಮೂರು ವರ್ಷದ ಓದನ್ನು ಮೂರೇ ವರ್ಷದಲ್ಲಿ, ತಲೆಯ ಮೇಲೆ ಸಾಲ ಹೊರದೆ ಮುಗಿಸಿ ಹೋಗುವಂತೆ ಮಕ್ಕಳಿಗೆ ಸಹಾಯ ಮಾಡುವುದು ಹೇಗೆ?"

ಕೇಳಿದವಳು ಮೃಡಾನಿ. ಗುರುಗಳ ಆಶ್ರಮಕ್ಕೆ ಸೇರಿದ ಹೆಣ್ಣುಮಕ್ಕಳ ಹಾಸ್ಟೆಲನ್ನು ನೋಡಿಕೊಳ್ಳುವವಳು. ಪಟ್ಟಣದ ಕಾಲೇಜಿಗೆ ಹೋಗುವ ಹದಿನೆಂಟು ಹುಡುಗಿಯರು ಅಲ್ಲಿದ್ದರು. ಗುರುಗಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮೃಡಾನಿಯೂ ಎದುರಿಗೆ ಕೂತು ಒಂದು ಮೊರ ಎಳೆದುಕೊಂಡಳು.

"ಈಗೇಕೆ ಬಂತು ತಾಯಿ, ಈ ಪ್ರಶ್ನೆ?"

"ಪರೀಕ್ಷೆಯ ಅರ್ಜಿಗೆ ಶನಿವಾರ ಕಡೆಯ ದಿನ. ತಪ್ಪಿದರೆ ಒಂದು ವರ್ಷವೇ ಹೋಯಿತು. ಹೋದ ಸಲ ನಾಲ್ವರಿಗೆ ಹಾಗಾಯಿತು. ಇನ್ನೊಂದು ವರ್ಷದ ಫೀಸಿಗೆ ಮನೆಯವರು ಸಾಲ ಮಾಡಿದರು. ಇಬ್ಬರು ಓದನ್ನೇ ಬಿಟ್ಟರು. ಅದಕ್ಕೇ ಈ ಸಲ ನನ್ನ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ, ಯಾರಿಗೆ ಏನು ಬೇಕಿದ್ದರೂ ಬಂದು ಕೇಳಿ ಅಂತ. ಬೆಳಗಾದರೆ ಸಾಲು. ಒಬ್ಬಳಿಗೆ ಫೀಸು ಸಾಲದು, ಒಬ್ಬಳಿಗೆ ಫಾರಂ ತುಂಬಲು ಬರುವುದಿಲ್ಲ. ಆ ಪುಷ್ಪಾವತಿಯಂತೂ ಪೆನ್ನಿನ ರೀಫಿಲ್ಲಿಗೂ ನನ್ನ ಬಾಗಿಲನ್ನೇ ಬಡಿಯುತ್ತಾಳೆ. ಎಲ್ಲರೂ ನಮ್ಮ ಕಸ್ತೂರಿಯಂತಿದ್ದರೆ ನನಗೆ ಚಿಂತೆಯೇ ಇರುತ್ತಿರಲಿಲ್ಲ. ಒಂದು ದಿನ ಬಂದು ಒಂದು ಮಾತು ಕೇಳಿದವಳಲ್ಲ."

ಗುರುಗಳು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು. ಆಮೇಲೆ ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಹನ್ನೆರಡು ಮಗ್ಗ. ನೇಯ್ಗೆ ಕಲಿಯಲು ಸುತ್ತಲ ಊರಿನ ಹುಡುಗಿಯರು ಅವನಲ್ಲಿಗೆ ಬರುತ್ತಿದ್ದರು. ಆ ಮನೆಗೆ ಒಂದು ಪದ್ಧತಿಯಿತ್ತು. ಕಲಿಯುವವಳು ತನ್ನ ಮೊದಲ ಸೀರೆಯನ್ನು ತಾನೇ ಕತ್ತರಿಸಿ ಮಗ್ಗದಿಂದ ಇಳಿಸಬೇಕು. ಇಳಿಸಿದ ದಿನ ಅವಳಿಗೆ ಕುಂಕುಮ ಹಚ್ಚಿ, ಹೋಳಿಗೆ ಊಟ ಹಾಕಿ, ಇವಳಿಗೆ ನೇಯ್ಗೆ ಬಂತು ಎಂದು ನಾಲ್ಕು ಜನರ ಮುಂದೆ ಹೇಳಿ ಕಳಿಸುತ್ತಿದ್ದರು. ಅಲ್ಲಿಯವರೆಗೆ ಅವಳು ಬರೀ ಕಲಿಯುವವಳು.

ನೂಲನ್ನು ಒಬ್ಬ ವ್ಯಾಪಾರಿ ಕಡವಾಗಿ ಕೊಡುತ್ತಿದ್ದ. ಮಗ್ಗಕ್ಕೆ ತಿಂಗಳ ಬಾಡಿಗೆಯಿತ್ತು. ಆರು ತಿಂಗಳಲ್ಲಿ ಸೀರೆ ಇಳಿದರೆ, ಅದನ್ನು ಮಾರಿದ ದುಡ್ಡಿನಲ್ಲೇ ಎಲ್ಲ ತೀರುತ್ತಿತ್ತು. ವರ್ಷವಾದರೆ ಮುಂದೆ ನೇಯುವ ಎರಡು ಸೀರೆಯೂ ವ್ಯಾಪಾರಿಯ ಪಾಲು. ಇನ್ನೂ ಎಳೆದವಳು ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿಬಿಟ್ಟಿರುತ್ತಿದ್ದಳು. ಮಗ್ಗದ ಮೇಲೆ ಅರ್ಧ ಸೀರೆ ಉಳಿದಿರುತ್ತಿತ್ತು. ಅರ್ಧ ಸೀರೆಯನ್ನು ಯಾರೂ ಉಡುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ನೂಲಿನ ಕಡ ಮಾತ್ರ ಅರ್ಧವಾಗುವುದಿಲ್ಲ.

ನೇಕಾರ ಕೆಟ್ಟವನಲ್ಲ. ಆ ಅರ್ಧ ಸೀರೆಗಳನ್ನು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಸೋಮಾರಿಗಳು ಅವರು. ಬಾಡಿಗೆ ಏರಿಸಿ ನೋಡು, ಕೈ ತಾನಾಗಿ ಓಡುತ್ತದೆ" ಎಂದ ವ್ಯಾಪಾರಿ. ನೇಕಾರ ಏರಿಸಿದ. ಕೈ ಓಡಲಿಲ್ಲ, ಹುಡುಗಿಯರು ಓಡಿದರು. ಹೆದರಿ ಬಾಡಿಗೆಯನ್ನು ಅರ್ಧಕ್ಕೆ ಇಳಿಸಿದ. ಎಲ್ಲರಿಗೂ ಉಸಿರಾಡುವಂತಾಯಿತು. ಆದರೂ ಅರ್ಧ ಸೀರೆಗಳು ತಪ್ಪಲಿಲ್ಲ.

ಕಡೆಗೆ ಬಾಗಿಲಿಗೆ ಒಂದು ಗಂಟೆ ಕಟ್ಟಿಸಿದ. ಯಾರಿಗೆ ತೊಡಕಾದರೂ ಬಾರಿಸಿ, ನಾನು ಬರುತ್ತೇನೆ ಎಂದ. ಗಂಟೆಗೆ ದಿನವಿಡೀ ಬಿಡುವಿರಲಿಲ್ಲ. ಬಾರಿಸುವವರು ಮಾತ್ರ ಅದೇ ಮೂರು ಜನ. ಅವರಲ್ಲಿ ಒಬ್ಬಳು ಲಾಳಿ ಕೈಜಾರಿ ಬಿದ್ದರೂ ಗಂಟೆ ಬಾರಿಸುತ್ತಿದ್ದಳು. ಆ ಮೂವರ ಸೀರೆ ಸಮಯಕ್ಕೆ ಸರಿಯಾಗಿ ಇಳಿಯಿತು.

ಮೃಡಾನಿ ತನ್ನ ಬಾಗಿಲ ಚೀಟಿಯನ್ನು ನೆನೆದು ನಾಚಿಕೊಂಡು ನಕ್ಕಳು. ಗುರುಗಳೂ ನಕ್ಕರು.

"ಗಂಟೆ ಕಟ್ಟಿದ್ದು ತಪ್ಪಲ್ಲ ತಾಯಿ. ಮುಂದೆ ಕೇಳು."

ಆ ಮನೆಯ ಹಿತ್ತಿಲಲ್ಲಿ ಒಬ್ಬ ಮುದುಕಿ ರಾಟೆ ಇಟ್ಟುಕೊಂಡು ಕೂರುತ್ತಿದ್ದಳು. ಲಾಳಿಗೆ ತುಂಬುವ ನೂಲಿನ ಕಂಡಿಕೆ ಸುತ್ತುವುದು ಅವಳ ಕೆಲಸ. ಕಣ್ಣು ಮಂಜಾಗಿ ಎಷ್ಟೋ ವರ್ಷವಾಗಿತ್ತು. ಬೆರಳಿನ ಅಂದಾಜಿನಲ್ಲೇ ಸುತ್ತುತ್ತಿದ್ದಳು. ಒಂದು ದಿನ ನೇಕಾರ ಕಂಡಿಕೆ ಒಯ್ಯಲು ಬಂದಾಗ ಅವಳು ರಾಟೆ ನಿಲ್ಲಿಸಿ, ಒಳಗಿನ ಕಡೆಗೆ ಕಿವಿ ಕೊಟ್ಟು ಕೂತಿದ್ದಳು.

"ಏನಜ್ಜಿ, ಯಾರ ಹಾಡು ಕೇಳ್ತಿದ್ದೀ?"

"ಹಾಡಲ್ಲ ತಮ್ಮಾ. ಏಳನೇ ಮಗ್ಗ ಉಸಿರೆತ್ತಿಲ್ಲ. ಒಂದು ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ನಿಂತರೆ, ನೀರು ಕುಡಿಯಲು ಎದ್ದಿದ್ದಾಳೆ ಅಂದುಕೊಳ್ಳುತ್ತೇನೆ. ಈಗ ನಾನು ಹಾಕಿಕೊಂಡದ್ದು ಮೂರನೇ ಎಲೆ."

"ಇಷ್ಟು ಗದ್ದಲದಲ್ಲಿ ಅದೊಂದು ನಿಂತದ್ದು ನಿನಗೆ ಹೇಗೆ ಕೇಳಿಸಿತು?"

"ನೀನು ಗದ್ದಲ ಕೇಳುತ್ತೀ, ನಾನು ಮಗ್ಗ ಕೇಳುತ್ತೇನೆ. ಒಂದು ನಿಂತರೆ ನಿನ್ನ ಕಿವಿಗೆ ಹಿತ. ನನಗೆ ದಿಗಿಲು."

ಮುದುಕಿ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನೇಕಾರ ಕಂಬದ ಮರೆಯಲ್ಲಿ ನಿಂತು ನೋಡಿದ. ಏಳನೇ ಮಗ್ಗದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಕೈಯಲ್ಲಿ ಲಾಳಿಯಿತ್ತು. ದೂರದಿಂದ ನೋಡುವವರಿಗೆ ನೇಯುತ್ತಿದ್ದಾಳೆ ಅನಿಸುವ ಹಾಗೆ ಅದನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಿದ್ದಳು.

ಏನಾಯಿತು ಎಂದು ಮುದುಕಿ ಕೇಳಲಿಲ್ಲ. ಪಕ್ಕದಲ್ಲಿ ಕೂತು ಒಂದು ಕಂಡಿಕೆಯನ್ನು ಮುಂದೆ ಹಿಡಿದಳು.

"ಇದರ ಎಳೆಯ ತುದಿ ಎಲ್ಲೋ ತಪ್ಪಿಸಿಕೊಂಡಿದೆ ನನ್ನವ್ವಾ. ಈ ಕುರುಡಿಗೆ ಸ್ವಲ್ಪ ಹುಡುಕಿ ಕೊಡ್ತೀಯಾ?"

ಹುಡುಗಿ ಹುಡುಕಿ ಕೊಟ್ಟಳು. ಕೊಡುವಾಗ ಅವಳ ಕಣ್ಣೀರು ಮುದುಕಿಯ ಕೈಮೇಲೆ ಬಿತ್ತು. ಆಮೇಲೆ ಮಾತೂ ಬಂತು.

"ಮೊನ್ನೆ ಹಾಸಿನ ಒಂದು ಉದ್ದದ ಎಳೆ ಹರಿಯಿತು ಅಜ್ಜಿ. ಗಂಟು ಹಾಕಿದೆ, ಪಕ್ಕದ ಎಳೆಗೆ ಹಾಕಿಬಿಟ್ಟೆ. ಗೊತ್ತಾಗದೆ ನೇಯ್ದೆ. ಈಗ ಉದ್ದಕ್ಕೂ ಗೆರೆ ಬೀಳುತ್ತಿದೆ. ಗಂಟೆ ಬಾರಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ನಾಳೆ ಊರಿಗೆ ಹೋಗಿಬಿಡುತ್ತೇನೆ."

"ಎಷ್ಟು ನೇಯ್ದಿದ್ದೀ?"

"ನಾಲ್ಕು ಬೆರಳು."

ಮುದುಕಿ ನಕ್ಕುಬಿಟ್ಟಳು. "ನಾಲ್ಕು ಬೆರಳೇ? ಬಿಚ್ಚೋಣ ಬಾ. ನಾಲ್ಕು ಮೊಳ ಆಗಿದ್ದರೆ ನಾನೂ ನಿನ್ನ ಜೊತೆ ಕೂತು ಅಳುತ್ತಿದ್ದೆ."

ಹುಡುಗಿಯ ಕಣ್ಣು, ಮುದುಕಿಯ ಕೈ ಸೇರಿ ನೇಯ್ದದ್ದನ್ನು ಬಿಚ್ಚಿದವು. ಎಳೆ ತನ್ನ ಜಾಗಕ್ಕೆ ಬಂತು. ಊಟಕ್ಕೆ ಕರೆಯುವ ಮೊದಲೇ ಏಳನೇ ಮಗ್ಗ ಮತ್ತೆ ಮಾತಾಡತೊಡಗಿತು.

ಊಟವಾದ ಮೇಲೆ ನೇಕಾರ ಹಿತ್ತಿಲಿಗೆ ಹೋದ. "ಇದನ್ನೆಲ್ಲ ನಿನಗೆ ಯಾರು ಕಲಿಸಿದರು ಅಜ್ಜಿ?"

"ಯಾರೂ ಕಲಿಸಲಿಲ್ಲ. ನಾನು ಈ ಮನೆಗೆ ಕಂಡಿಕೆ ಸುತ್ತಲು ಬಂದವಳಲ್ಲ ತಮ್ಮಾ. ನಿನ್ನ ಅಪ್ಪನ ಕಾಲದಲ್ಲಿ ಸೀರೆ ನೇಯಲು ಬಂದವಳು. ನನ್ನದೂ ಹರಿದದ್ದು ಒಂದೇ ಎಳೆ. ನಾಚಿಕೆಯಿಂದ ಸುಮ್ಮನೆ ಕೂತೆ. ಹುಡುಗಿ ಬಹಳ ಗಂಭೀರ ಅಂದುಕೊಂಡರು ನಿನ್ನ ಅಪ್ಪ. ನೂಲಿನ ಕಡ ತೀರುವವರೆಗೆ ಅಂತ ರಾಟೆಯ ಮುಂದೆ ಕೂತೆ. ಏಳುವ ಹೊತ್ತಿಗೆ ಕಣ್ಣು ಹೋಗಿತ್ತು."

ಮರುದಿನ ಬೆಳಿಗ್ಗೆ ನೇಕಾರ ಹಿತ್ತಿಲಿನ ರಾಟೆಯನ್ನು ತಾನೇ ಎತ್ತಿ ತಂದು ಹನ್ನೆರಡು ಮಗ್ಗಗಳ ನಡುವೆ ಇಟ್ಟ. ಪಕ್ಕದಲ್ಲಿ ಮುದುಕಿಯ ಎಲೆಯಡಿಕೆ ಚೀಲವನ್ನೂ ಇಟ್ಟ.

ಆ ಸಲ ಹನ್ನೊಂದು ಸೀರೆ ಸಮಯಕ್ಕೆ ಇಳಿದವು. ಒಬ್ಬಳ ತಾಯಿ ಹಾಸಿಗೆ ಹಿಡಿದದ್ದರಿಂದ ಅವಳದು ಮಾತ್ರ ತಿಂಗಳು ತಡವಾಯಿತು. ತಡವಾದರೂ ಇಳಿಯಿತು. ಕಡ ಬರೆದುಕೊಳ್ಳಲು ಬಂದ ವ್ಯಾಪಾರಿಗೆ ಬರೆಯಲು ಏನೂ ಸಿಗಲಿಲ್ಲ. ಎರಡು ಹೋಳಿಗೆ ತಿಂದು ಹೋದ.

ಏಳನೇ ಮಗ್ಗದ ಹುಡುಗಿ ಇಳಿಸಿದ ಸೀರೆಯನ್ನು ತಂದು ಮುದುಕಿಯ ತೊಡೆಯ ಮೇಲೆ ಹರಡಿದಳು. "ಬಿಚ್ಚಿ ನೇಯ್ದ ಜಾಗ ಎಲ್ಲಿದೆ ಹೇಳಜ್ಜಿ, ನೋಡೋಣ." ಮುದುಕಿ ಸೀರೆಯ ಉದ್ದಕ್ಕೂ ಬೆರಳಾಡಿಸಿದಳು. ಮತ್ತೊಂದು ಸಲ ಆಡಿಸಿದಳು. ಸಿಗಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ಮತ್ತೆ ಅಕ್ಕಿಗೆ ಕೈ ಹಾಕಿದರು. ಮೃಡಾನಿಯ ಮುಖ ಅರಳಿತ್ತು. ಅವಳೂ ಮೊರದಲ್ಲಿ ಅಕ್ಕಿ ಕೇರುತ್ತ ಹೇಳಿದಳು.

"ತಿಳಿಯಿತು ಗುರುಗಳೇ. ಚೀಟಿ ಅಂಟಿಸಿ ಕೂತರೆ ಆಗುವುದಿಲ್ಲ. ಈವತ್ತೇ ಹೋಗಿ ಒಬ್ಬೊಬ್ಬರನ್ನೂ ವಿಚಾರಿಸುತ್ತೇನೆ. ಮೊದಲು ಪುಷ್ಪಾವತಿಯ ಕೋಣೆಗೆ, ಆಮೇಲೆ ಫೀಸು ಕೇಳಿದವರ ಕೋಣೆಗೆ…"

"ಕಸ್ತೂರಿಯ ದನಿ ನೀನು ಕೇಳಿ ಎಷ್ಟು ದಿನವಾಯಿತು ತಾಯಿ?" ಎಂದರು ಗುರುಗಳು.

ಮೊರದ ಸದ್ದು ನಿಂತಿತು.