ಗೊರವಂಕಗಳು ಹೊಗಳಿದ ಜೇನು

ಹಗಲಿನಲ್ಲಿಯೂ ಬಿಸಿಲು ಚುಕ್ಕೆಚುಕ್ಕೆಯಾಗಿಯೇ ನೆಲಕ್ಕೆ ಇಳಿಯುವಷ್ಟು ದಟ್ಟವಾದ ಕಾಡೊಂದರಲ್ಲಿ, ಹೊಳೆಯ ಮಗ್ಗುಲಿಗೆ, ಬಹು ದೊಡ್ಡದಾದ ಒಂದು ಆಲದ ಮರವಿದ್ದಿತು. ಅದರ ಬುಡದಲ್ಲಿ ಪ್ರಾಣಿಗಳ ಸಂತೆ ನೆರೆಯುತ್ತಿತ್ತು. ಅಲ್ಲಿ ಸರಕಿಗೆ ಸರಕೇ ಬೆಲೆ. ಹಣ್ಣು ಕೊಟ್ಟವರು ಗೆಣಸು ಒಯ್ಯುವರು. ಗೆಣಸು ಕೊಟ್ಟವರು ಜೇನು ಒಯ್ಯುವರು.

ಆ ಸಂತೆಗೆ ಹಿಂದಿನವರು ಮಾಡಿಟ್ಟ ಕಟ್ಟಳೆಗಳಿದ್ದುವು. ಮಾರುವವರ ಹೆಸರನ್ನು ಯಾರೂ ಎತ್ತಕೂಡದು; ಅವರು ಕುಳಿತ ಠಾವನ್ನಷ್ಟೇ ಹೇಳಬೇಕು. ಹೆಸರು ಕಿವಿಗೆ ಬಿದ್ದರೆ ಕೊಳ್ಳುವವರು ಕುಲವನ್ನೂ ನಂಟನ್ನೂ ನೋಡುವರೇ ಹೊರತು ಸರಕನ್ನು ನೋಡುವುದಿಲ್ಲವೆಂದು ಹಿರಿಯರು ಎಣಿಸಿದ್ದರು. ಹುಣ್ಣಿಮೆ ಕಳೆದ ಮರುದಿನ ಠಾವುಗಳು ಅದಲುಬದಲಾಗಬೇಕೆಂಬುದು ಇನ್ನೊಂದು ಕಟ್ಟಳೆ. ನೆರಳು ಒಬ್ಬರಿಗೇ ಮೀಸಲಾಗಬಾರದಷ್ಟೆ. ಜೇನಿನವರಿಗೆ ಇದ್ದ ಠಾವುಗಳು ಎರಡು. ನೆರಳಿನಲ್ಲಿದ್ದುದು ಬಿಳಲಿನ ಠಾವು, ಬಿಸಿಲಿನಲ್ಲಿದ್ದುದು ಹುತ್ತದ ಠಾವು.

ದೂರದ ಗುಡ್ಡಗಳ ಪ್ರಾಣಿಗಳು ಸಂತೆಗೆ ಬರುತ್ತಲೇ ಇರಲಿಲ್ಲ. ಸರಕನ್ನು ಕೊಂಡವರು ಅದರ ಒಳಿತುಕೆಡುಕುಗಳನ್ನು ಆಲದ ಮೇಲಿನ ಗೊರವಂಕಗಳಿಗೆ ಹೇಳಿಹೋಗುವರು. ಆ ಹಕ್ಕಿಗಳು ಕೇಳಿದ್ದನ್ನು ಹೇಳಿದವರ ದನಿಯಲ್ಲಿಯೇ ಕಾಡೆಲ್ಲ ಹಾರಾಡಿ ನುಡಿಯುವುವು. ಅದನ್ನು ಕೇಳಿದವರು ತಮಗೆ ಬೇಕಾದುದನ್ನು ಮುಸುವ ಕೋತಿಗಳ ಕೈಯಲ್ಲಿ ತರಿಸಿಕೊಳ್ಳುವರು. ಒಮ್ಮೆ ಕೇಳಿದ ಮಾತು ಗೊರವಂಕದ ನಾಲಗೆಯ ಮೇಲೆ ಬಹಳ ಕಾಲ ನಿಲ್ಲದು. ಹುಣ್ಣಿಮೆಯ ಹೊತ್ತಿಗೆ ಹಳೆಯದು ಮರೆತುಹೋಗುವುದು. ಹೊಸ ಠಾವಿಗೆ ಹೊಸ ಮಾತು ಹುಟ್ಟುವುದು. ಆದುದರಿಂದ ಯಾರಿಗೂ ತೊಡಕಾಗಿರಲಿಲ್ಲ.

ಆ ಸಂತೆಯಲ್ಲಿ ಜೇನು ಮಾರುತ್ತಿದ್ದ ಕರಡಿಯ ಹೆಸರು ಮಂದ್ರೆ. ಅವಳ ದನಿ ಗಂಭೀರ, ನಡೆ ನಿಧಾನ, ಮನಸ್ಸು ನೇರ. ಬಂಡೆಯ ಹೆಜ್ಜೇನನ್ನು ಇಳಿಸಿ, ಸೋಸಿ, ಸೋರೆಬುರುಡೆಗಳಲ್ಲಿ ತುಂಬಿ ತರುವಳು. ಅವಳಿಗೊಂದು ಎಳೆಯ ಮರಿಯಿದ್ದಿತು. ಮಳೆ ಹಿಡಿದರೆ ಅವಳ ಗುಹೆಯ ಸುತ್ತಣ ಕಲ್ಲುನೆಲವೆಲ್ಲ ಜಾರುವುದು. ಮರಿಯನ್ನು ಬಿಟ್ಟು ದೂರ ಹೋಗುವಂತಿಲ್ಲ. ಮಳೆಗೆ ಮೊದಲೇ ಜೇನು ಕೊಟ್ಟು ಗೆಣಸು ಕೂಡಿಹಾಕದಿದ್ದರೆ ಮರಿ ಹಸಿದಿರಬೇಕಾಗುವುದು. ಗೆಣಸನ್ನು ಅಗೆದು ತರುವವನು ಶಲಾಕನೆಂಬ ಮುಳ್ಳುಹಂದಿ. ಪ್ರತಿವರ್ಷವೂ ಅವನು ಅವಳ ಜೇನಿಗೆ ತನ್ನ ಗೆಣಸನ್ನು ಕೊಡುತ್ತ ಬಂದಿದ್ದನು.

ಆ ವರ್ಷ ಮಳೆಗಾಲ ಹತ್ತಿರವಾಗುತ್ತಿರಲು, ಒಂದು ಹುಣ್ಣಿಮೆಯ ಮರುದಿನ, ಪರಿಮಳಕನೆಂಬ ಪುನುಗುಬೆಕ್ಕು ತಾನೂ ಜೇನು ಮಾರುವೆನೆಂದು ಸಂತೆಗೆ ಬಂದನು. ಅವನಿಗೆ ಬಿಳಲಿನ ಠಾವು ಬಂದಿತು. ಮಂದ್ರೆಗೆ ಹುತ್ತದ ಠಾವು.

"ಏನಕ್ಕಯ್ಯ, ಬಿಸಿಲು ಜೋರೋ?" ಎಂದು ಅವನು ನೆರಳಿನಿಂದಲೇ ಕೇಳಿದನು.

"ಹುಣ್ಣಿಮೆ ಬರಲಿ ತಮ್ಮಾ, ಆಗ ನಿನ್ನ ಬೆನ್ನನ್ನೇ ಕೇಳು" ಎಂದು ಮಂದ್ರೆ ನಕ್ಕಳು.

ದಿನವೂ ಬೆಳಗ್ಗೆ ಪರಿಮಳಕನು ಬಸರಿ ಹಣ್ಣುಗಳನ್ನು ತಂದು ಗೊರವಂಕಗಳಿಗೆ ಒಂದೊಂದಾಗಿ ಎಸೆಯುವನು. ಪ್ರತಿ ಹಣ್ಣಿಗೂ ಒಂದೊಂದು ದನಿ ಮಾಡಿ ಬಾಯಲ್ಲಿ ಏನನ್ನೋ ಗುನುಗುವನು. ಹಕ್ಕಿಗಳು ಅದನ್ನೇ ಗುನುಗಿದರೆ ಇನ್ನೊಂದು ಹಣ್ಣು. ಮಂದ್ರೆ ದೂರದಿಂದ ನೋಡಿ, "ಹಕ್ಕಿಗಳ ಮೇಲೆ ಇವನಿಗೆ ಎಷ್ಟು ಅಕ್ಕರೆ!" ಎಂದುಕೊಂಡಳು.

ಕೆಲವು ದಿನ ಕಳೆಯಿತು. ಮಂದ್ರೆಯ ಬುರುಡೆಗಳು ತುಂಬಿದಂತೆಯೇ ಗುಹೆಗೆ ಮರಳತೊಡಗಿದುವು. ಮುಸುವಗಳು ಅವಳ ಮುಂದೆ ಮೂಗು ಹಿಡಿದು ದಾಟಿಹೋದುವು. ಕಾರಣವೇನೆಂದು ಅವಳು ತಲೆಯೆತ್ತಿ ನೋಡಿದರೆ, ಮೇಲೆ ಕೊಂಬೆಯಲ್ಲಿ ಒಂದು ಗೊರವಂಕ ಮೊಲದ ದನಿಯಲ್ಲಿ ಗೋಳಿಡುತ್ತಿತ್ತು:

"ಹುತ್ತದ ಠಾವಿನ ಜೇನು ತಿಂದೆ. ಹೊಟ್ಟೆ ಕಿವುಚಿಹೋಯಿತು. ಯಾರೂ ಮುಟ್ಟಬೇಡಿರಪ್ಪಾ!"

ಇನ್ನೊಂದು ಕಾಡುಹಂದಿಯ ದನಿಯಲ್ಲಿ ಗುರುಗುಟ್ಟಿತು: "ಹುತ್ತದ ಠಾವಿನದು ಜೇನಲ್ಲ, ಬೇವಿನ ಕಷಾಯ!"

ಮತ್ತೊಂದು ಜಿಂಕೆಯಂತೆ ನಯವಾಗಿ ನುಡಿಯಿತು: "ಬಿಳಲಿನ ಠಾವಿನ ಜೇನು ಅಮೃತ. ನಮ್ಮಜ್ಜಿಯ ಮಂಜುಗಣ್ಣು ತಿಳಿಯಾಯಿತು. ನೆರೆಮನೆಯ ಮುಳ್ಳುಹಂದಿಗೆ ಉದುರಿದ ಮುಳ್ಳೆಲ್ಲ ಚಿಗುರಿತು!"

ಮಂದ್ರೆ ಬೆರಗಾದಳು. ಮೊಲಕ್ಕೆ ತಾನು ಜೇನು ಕೊಟ್ಟುದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೇರವಾಗಿ ಮೊಲದ ಬಿಲಕ್ಕೇ ಹೋಗಿ ಕೇಳಿದಳು.

"ಮಗೂ, ನನ್ನ ಜೇನಿನಿಂದ ನಿನಗೆ ಹೊಟ್ಟೆನೋವು ಬಂದಿತೇ?"

"ಜೇನೇ? ನಾವು ಗರಿಕೆ ತಿನ್ನುವವರು, ಅತ್ತೆ. ಜೇನಿನ ಬಣ್ಣವನ್ನೂ ಕಂಡಿಲ್ಲ."

"ಹಾಗಾದರೆ ಹೊಟ್ಟೆ ನೊಂದ ಮೊಲ ಯಾವುದು?"

"ಆಚೆ ಬಯಲಿನವರಿರಬೇಕು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಚಾಳಿ ಅವರಿಗೆ."

ಬಯಲಿನ ಮೊಲಗಳು, "ನಾವಲ್ಲ, ಹೊಳೆಯಾಚೆಯವರಿರಬೇಕು. ಅವರ ಹೊಟ್ಟೆ ಮೊದಲಿನಿಂದಲೂ ಸೂಕ್ಷ್ಮ" ಎಂದುವು. ಹೊಳೆಯನ್ನು ದಾಟಲು ಹೊತ್ತು ಮೀರಿತ್ತು. ಮಂದ್ರೆ ಹಿಂದಿರುಗಿ ತನ್ನ ಜೇನನ್ನು ತಾನೇ ನೆಕ್ಕಿದಳು. ಸಿಹಿಯಾಗಿದ್ದಿತು. ಹೊಳೆಯಲ್ಲಿ ಬಾಯಿ ಮುಕ್ಕಳಿಸಿ ಮತ್ತೆ ನೆಕ್ಕಿದಳು. ಆಗಲೂ ಸಿಹಿಯೇ. ಬೇವಿನೆಲೆಯನ್ನು ಅಗಿದು ನೋಡಿದಳು. ಅದು ಕಹಿಯಾಗಿಯೇ ಇದ್ದಿತು. ಮರಿಯ ಬಾಯಿಗೆ ಹಚ್ಚಿದಳು. ಮರಿ ಚಪ್ಪರಿಸಿ ಇನ್ನಷ್ಟು ಕೇಳಿತು. ಆದರೆ ಮರಿಗೆ ಏನು ತಿಳಿಯುತ್ತದೆ? ಅದು ಕೆಸರನ್ನೂ ಚಪ್ಪರಿಸುವುದು. "ಕಾಡಿಗೆಲ್ಲ ಕಹಿಯಾದುದು ನನಗೊಬ್ಬಳಿಗೆ ಸಿಹಿಯಾದರೆ, ಕೆಟ್ಟಿರುವುದು ಜೇನೋ, ನನ್ನ ನಾಲಗೆಯೋ?" ಎಂದು ಅವಳು ಬುರುಡೆಯನ್ನೇ ನೋಡುತ್ತ ಕುಳಿತಳು.

ಅಷ್ಟರಲ್ಲಿ ಶಲಾಕನು ಬಂದನು. ಆದರೆ ಅವನು ಹುತ್ತದ ಕಡೆಗೆ ತಿರುಗದೆ, ತಲೆ ತಗ್ಗಿಸಿ, ಬಿಳಲಿನ ಕಡೆಗೆ ನಡೆದನು.

"ಅಣ್ಣಾ, ಈ ವರ್ಷ ನನ್ನ ಮರಿಗೆ ಗೆಣಸು?" ಎಂದು ಮಂದ್ರೆ ಕೂಗಿದಳು.

ಶಲಾಕನು ಸಂಕೋಚದಿಂದ ನಿಂತನು. "ಏನು ಮಾಡಲಿ, ತಂಗಿ? ಮನೆಯಾಕೆ ಗೊರವಂಕದ ಮಾತು ಕೇಳಿಬಿಟ್ಟಿದ್ದಾಳೆ. ಹುತ್ತದ ಠಾವಿನ ಜೇನು ತಂದರೆ ಬಿಲದೊಳಗೆ ಕಾಲಿಡಬೇಡಿ ಎಂದಿದ್ದಾಳೆ. ಅವಳ ಮುಳ್ಳು ನನ್ನದಕ್ಕಿಂತ ಉದ್ದ."

"ನೀವೇ ಒಂದು ತೊಟ್ಟು ರುಚಿ ನೋಡಬಾರದೇ?"

"ಇಷ್ಟು ಮಂದಿ ಕಹಿಯೆಂದ ಮೇಲೆ ನಾನೊಬ್ಬ ಸಿಹಿಯೆಂದರೆ ನಗುವುದಿಲ್ಲವೇ?" ಎಂದು ಅವನು ಮುಂದೆ ನಡೆದನು. ಆದರೆ ಪರಿಮಳಕನ ಬುರುಡೆಗಳೆಲ್ಲ ಆಗಲೇ ಬರಿದಾಗಿದ್ದುವು. "ಸರಕು ತೀರಿತು, ಭಾವ. ಹುಣ್ಣಿಮೆಯ ಮೇಲೆ ಬನ್ನಿ" ಎಂದು ಅವನು ಮೀಸೆ ನೇವರಿಸಿಕೊಂಡನು.

ಹುಣ್ಣಿಮೆ ಕಳೆಯಿತು. ಮಂದ್ರೆ ಬಿಳಲಿನ ಠಾವಿಗೆ ಬಂದಳು. ಪರಿಮಳಕನು ಹುತ್ತದ ಠಾವಿಗೆ ಹೋದನು. ತನ್ನ ಜೇನನ್ನು ಇನ್ನು ಯಾರೂ ಕೊಳ್ಳರೆಂದು ಎಣಿಸಿ ಅವಳು ಹಳೆಯ ಬುರುಡೆಗಳನ್ನೇ ತಂದಿದ್ದಳು. ಹಾಗಿರಲು ಬೆಳಗಾಗುವುದಕ್ಕಿಲ್ಲ, ಮುಸುವಗಳ ಹಿಂಡು ಅವಳ ಮುಂದೆ ನೂಕಾಡಿತು.

"ಮಂಜುಗಣ್ಣಿನ ಜೇನು ನನಗೊಂದು ಬುರುಡೆ, ಅಮ್ಮಾ!"

"ಏ, ಬಾಲ ತುಳಿಯಬೇಡ! ನಾನು ಮೊದಲು ಬಂದೆ!"

ಮಂದ್ರೆಗೆ ತಲೆ ತಿರುಗಿದಂತಾಯಿತು. ನಿನ್ನೆಯವರೆಗೆ ಬೇವಿನ ಕಷಾಯವಾಗಿದ್ದುದು ಇಂದು ಅಮೃತ! ಅದೇ ಬುರುಡೆ, ಅದೇ ಜೇನು, ಅದೇ ಕರಡಿ. ನಡುವೆ ಆದುದೇನು? ಚಂದ್ರನು ತುಂಬಿದನು; ಅಷ್ಟೆ. ಸಂತೋಷಪಡಬೇಕೋ ಅಂಜಬೇಕೋ ಅವಳಿಗೆ ತಿಳಿಯದಾಯಿತು. ಯಾರಿಗೂ ಏನೂ ಕೊಡದೆ ಬುರುಡೆಗಳನ್ನು ತಬ್ಬಿಕೊಂಡು ಕುಳಿತಳು.

ಹುತ್ತದ ಬಳಿ ಪರಿಮಳಕನು ಬಿಸಿಲಿನಲ್ಲಿ ಬೆವರುತ್ತ ಗೊರವಂಕಗಳಿಗೆ ಹಣ್ಣಿನ ಮೇಲೆ ಹಣ್ಣು ಎಸೆಯುತ್ತಿದ್ದನು. "ಹಾಗಲ್ಲ, ಹೀಗೆ! ಹುತ್ತದ್ದು ಸಿಹಿ! ಹುತ್ತದ್ದು ಸಿಹಿ!" ಎಂದು ಪಿಸುಗುಟ್ಟುತ್ತಿದ್ದನು. ಹಕ್ಕಿಗಳು ಹಣ್ಣನ್ನು ನುಂಗಿ, ಕೊರಳುಬ್ಬಿಸಿ, ಇಮ್ಮಡಿ ದನಿಯಲ್ಲಿ ಕೂಗಿದುವು: "ಹುತ್ತದ ಠಾವಿನ ಜೇನು ತಿಂದೆ! ಹೊಟ್ಟೆ ಕಿವುಚಿಹೋಯಿತು!"

ಆ ಹೊತ್ತಿಗೆ ಶಲಾಕನು ಬೆನ್ನ ಮುಳ್ಳುಗಳಿಗೆಲ್ಲ ಗೆಣಸು ಸಿಕ್ಕಿಸಿಕೊಂಡು ಬಂದಿಳಿದನು. ಪಡುವಣ ಗುಡ್ಡದ ಮೇಲೆ ಮೊದಲ ಮೋಡ ಗುಡುಗಿತು.

"ತಂಗಿ, ಈ ಗೆಣಸೆಲ್ಲ ನಿನ್ನದೇ. ನಮ್ಮತ್ತೆಗೆ ಮುಳ್ಳು ಉದುರುತ್ತಿದೆ. ಮುಳ್ಳು ಚಿಗುರಿಸುವ ಆ ಜೇನನ್ನು ಕೊಡು."

ಮಂದ್ರೆ ಗೆಣಸಿನ ರಾಶಿಯನ್ನು ನೋಡಿದಳು. ಹಸಿದ ಮರಿ ಕಣ್ಣಿಗೆ ಕಟ್ಟಿತು. "ಆಗಲಿ" ಎಂಬ ಒಂದು ಮಾತು ಸಾಕಾಗಿತ್ತು. ಅದು ಅವಳ ತುಟಿಯವರೆಗೂ ಬಂದಿತು. ಆದರೆ ಆ ಮುದುಕಿಯು ಬೋಳುಬೆನ್ನಿನಲ್ಲಿ ಮುಳ್ಳು ಮೊಳೆಯುವುದನ್ನು ಕಾದು ಕುಳಿತಿರುವುದು ನೆನಪಾಗಿ, ಮಾತು ಬೇರೆಯಾಗಿ ಹೊರಬಿದ್ದಿತು.

"ಅಣ್ಣಾ, ನನಗೆ ಒಂದೂ ತಿಳಿಯುತ್ತಿಲ್ಲ. ಮುಳ್ಳು ಚಿಗುರಿಸುವ ಜೇನು ನನ್ನಲ್ಲಿಲ್ಲ, ಎಂದೂ ಇರಲಿಲ್ಲ. ಇದು ನಾಲಗೆಗೆ ಸಿಹಿ, ಗಂಟಲಿಗೆ ಹಿತ, ಅಷ್ಟೆ. ಅದೂ ನನ್ನ ನಾಲಗೆಗೆ. ನಿಮ್ಮ ನಾಲಗೆಗೆ ಹೇಗೋ, ನೀವೇ ನೋಡಿ ಹೇಳಿ."

ಶಲಾಕನು ಕಕ್ಕಾಬಿಕ್ಕಿಯಾದನು. "ಹಾಗಾದರೆ ಗೊರವಂಕ ಹೇಳಿದ್ದು?"

ಆಗ ಹುತ್ತದ ಕಡೆಯಿಂದ ಕಿರುಚಾಟ ಕೇಳಿಸಿತು. ಸಂತೆಯ ನ್ಯಾಯ ನೋಡುತ್ತಿದ್ದ ಮುದಿ ಹೆಣ್ಣಾನೆಯನ್ನು ಎಲ್ಲರೂ ದೊಡ್ಡಮ್ಮನೆಂದು ಕರೆಯುತ್ತಿದ್ದರು. ಅವಳ ಕಾಲ ಬಳಿ ಪರಿಮಳಕನು ಹೊರಳಾಡುತ್ತಿದ್ದನು. ಎಲ್ಲರೂ ಅಲ್ಲಿಗೆ ಓಡಿದರು.

"ದೊಡ್ಡಮ್ಮ, ಈ ಹಕ್ಕಿಗಳ ಕೊಕ್ಕು ಕಟ್ಟಿಸಿ! ನನ್ನ ಜೇನು ಕಹಿಯಂತೆ, ಹೊಟ್ಟೆ ಕಿವುಚುವುದಂತೆ!"

"ಹಕ್ಕಿಯದೇನು ತಪ್ಪು, ಮಗನೇ? ಕೊಂಡವರ ಮಾತನ್ನು ಅದು ಆಡುತ್ತದೆ. ತಿಂದ ಮೊಲವನ್ನೇ ಕರೆಸೋಣ" ಎಂದು ದೊಡ್ಡಮ್ಮ ಕಿವಿ ಬೀಸಿದಳು.

"ಮೊಲ ಎಲ್ಲಿಂದ ಬಂದೀತು! ಆ ಮಾತು ನನ್ನ ಜೇನಿನದಲ್ಲ. ಈ ಕರಡಿಯ ಜೇನಿನದು!"

"ಅದು ನಿನಗೆ ಹೇಗೆ ತಿಳಿಯಿತು?"

"ತಿಂಗಳೆಲ್ಲ ಹಣ್ಣು ಹಾಕಿ ಕಲಿಸಿದವನು ನಾನು! ಠಾವು ಬದಲಾದರೆ ಮಾತನ್ನೂ ಬದಲಾಯಿಸಿದರಾಯಿತು ಎಂದು..." ಪರಿಮಳಕನು ನಾಲಗೆ ಕಚ್ಚಿಕೊಂಡನು. ಆದರೆ ಮಾತು ಆಗಲೇ ಸಂತೆಯ ಕಿವಿಗೆ ಬಿದ್ದಿತ್ತು.

ಮಂದ್ರೆ ಮೆಲ್ಲನೆ ಕೇಳಿದಳು: "ದೊಡ್ಡಮ್ಮ, ಹಾಗಾದರೆ ಆ ಹೊಟ್ಟೆ ನೊಂದ ಮೊಲ?"

"ಅಂಥ ಮೊಲವೇ ಇಲ್ಲ, ಮಗಳೇ."

"ಇಲ್ಲವೇ! ನಾಳೆ ಹೊಳೆ ದಾಟಿಹೋಗಿ ಅದರ ಕ್ಷಮೆ ಕೇಳಬೇಕೆಂದಿದ್ದೆನಲ್ಲ!"

ಸಂತೆಯೆಲ್ಲ ಗೊಳ್ಳೆಂದು ನಕ್ಕಿತು. ದೊಡ್ಡಮ್ಮ ನಗದೆ ಪರಿಮಳಕನ ಕಡೆಗೆ ತಿರುಗಿದಳು. "ಒಮ್ಮೆ ಕೇಳಿದ್ದನ್ನು ಹಕ್ಕಿ ಮರೆಯುತ್ತದೆ. ಹಣ್ಣಿನ ಜೊತೆಗೆ ಕಲಿತದ್ದನ್ನು ಮರೆಯದು. ಆ ಮಾತಿಗೇ ಹಣ್ಣು ಸಿಗುವುದೆಂದು ನಂಬಿದೆ. ನೀನು ಹಣ್ಣು ಎಸೆದಷ್ಟೂ ಅದನ್ನೇ ಕೂಗುತ್ತದೆ. ಮೊದಲು ನಿನ್ನ ಬುರುಡೆಯನ್ನು ಇತ್ತ ತಾ" ಎಂದಳು. ಶಲಾಕನು ಅದರೊಳಗೆ ನಾಲಗೆಯಿಟ್ಟು, ಕೂಡಲೇ ಥೂ ಎಂದು ಉಗುಳಿದನು. ಕೊಳೆತ ಇಪ್ಪೆಹೂವಿನ ರಸಕ್ಕೆ ಬಿಲ್ವದ ಕಾಯಿಯ ಅಂಟು ಕಲಸಿ, ಮೇಲೆ ಜೇನುಹುಟ್ಟಿನ ಒಂದು ಚೂರನ್ನು ತೇಲಿಬಿಟ್ಟಿದ್ದನು ಪರಿಮಳಕ.

ಒಂದು ಮುದಿ ಮುಸುವ ತಲೆ ಕೆರೆದುಕೊಂಡಿತು. "ನನಗೂ ಹೀಗೆಯೇ ಅಂಟಂಟಾಗಿ ವಾಂತಿ ಬಂದಿತ್ತು. ಎಲ್ಲರಿಗೂ ಅಮೃತವಾದುದು ನನಗೆ ಹೀಗಾದರೆ ದೋಷ ನನ್ನದೇ ಇರಬೇಕೆಂದು ಬಾಯಿ ಮುಚ್ಚಿಕೊಂಡಿದ್ದೆ." ಆ ಮಾತಿಗೆ ಇನ್ನೂ ಹಲವರು ತಲೆದೂಗಿದರು.

ಪರಿಮಳಕನು ಸಂತೆಯನ್ನು ಬಿಟ್ಟು ಹೋಗಬೇಕೆಂದು ತೀರ್ಪಾಯಿತು. ಅವನು ಬುರುಡೆಗಳನ್ನು ಅಲ್ಲಿಯೇ ಎಸೆದು ಓಟಕಿತ್ತನು. ಆದರೆ ಅವನ ಮುಖ ಕಂಡರೆ ಹಣ್ಣು ಸಿಗುವುದೆಂದು ಅರಿತ ಗೊರವಂಕಗಳು ಸುಮ್ಮನಿದ್ದುವೇ? ಅವನು ಹೋದ ಹೋದ ಕಾಡಿಗೆಲ್ಲ ಹಿಂಡುಗಟ್ಟಿ ಬೆನ್ನಟ್ಟಿ, ಮೊಲದ ದನಿಯಲ್ಲಿ, ಹಂದಿಯ ದನಿಯಲ್ಲಿ, ಕಹಿ ಕಹಿಯೆಂದು ಕೂಗಿಕೊಂಡೇ ಹಾರಿದುವು.

ಇತ್ತ ಶಲಾಕನು ಮಂದ್ರೆಯ ಬುರುಡೆಯಿಂದ ಒಂದು ತೊಟ್ಟು ಜೇನನ್ನು ನಾಲಗೆಗಿಟ್ಟು ಕಣ್ಣು ಮುಚ್ಚಿದನು. ಆಮೇಲೆ ಗೆಣಸಿನ ರಾಶಿಯನ್ನು ಅವಳ ಮುಂದಕ್ಕೆ ತಳ್ಳಿದನು.

"ಮನೆಯಾಕೆ ಏನೇ ಹೇಳಲಿ, ಇದು ಸಿಹಿ. ನಾನೇ ನೋಡಿದ್ದೇನೆ. ಈಗ ನೀನೂ ಒಂದು ಗೆಣಸನ್ನು ಕಡಿದು ನೋಡು, ತಂಗಿ. ನನ್ನ ಮಾತನ್ನು ಮಾತ್ರ ನಂಬಿ ಒಯ್ಯಬೇಡ."

ಮಂದ್ರೆ ಒಂದು ಗೆಣಸನ್ನೆತ್ತಿ, ಮಣ್ಣು ಒರೆಸಿ, ಕಚ್ಚಿದಳು. ನಿಧಾನವಾಗಿ ಅಗಿದಳು. ಸುತ್ತ ನಿಂತವರ ಮುಖವನ್ನಾಗಲಿ ಮೇಲಿನ ಕೊಂಬೆಯನ್ನಾಗಲಿ ಅವಳು ನೋಡಲಿಲ್ಲ.

"ಚೆನ್ನಾಗಿದೆ" ಎಂದಳು. ಮಳೆಯ ಮೊದಲ ಹನಿ ಬೀಳುವುದಕ್ಕೆ ಮುಂಚೆಯೇ ಹೊರೆ ಕಟ್ಟಿಕೊಂಡು ಮರಿಯಿದ್ದ ಗುಹೆಯ ಕಡೆಗೆ ಹೊರಟಳು.

ನೀತಿ: ಸುಳ್ಳು ಹೊಗಳಿಕೆಯಿಂದ ತನ್ನ ಸರಕನ್ನು ಮೇಲೆತ್ತಿ, ಸುಳ್ಳು ದೂರಿನಿಂದ ಇತರರ ಸರಕನ್ನು ಕೆಳಗಿಳಿಸುವವನು ಕಡೆಗೆ ತಾನು ಹಬ್ಬಿಸಿದ ಮಾತಿಗೆ ತಾನೇ ಸಿಕ್ಕಿಬೀಳುವನು; ಕೊಳ್ಳುವವರು ಹತ್ತಾರು ಬಾಯಿಗಳ ಮಾತನ್ನು ನಂಬುವುದಕ್ಕೆ ಮೊದಲು ತಾವೇ ನೋಡಿ ತಿಳಿಯಬೇಕು.